ಸ್ಪೈರಿಯಾ ಪೊದೆ ದಟ್ಟವಾಗಿ ಬೆಳೆಯುತ್ತಿದೆ, ಹೂವು ಮಾತ್ರ ಬಿಡುತ್ತಿಲ್ಲ

ಹೊಸಚಿಗುರು:
ನಮ್ಮ ತೋಟದ ಸ್ಪೈರಿಯಾ ಪೊದೆ ಸರಿಯಾಗಿ ಹೂ ಬಿಡದೆ ಹಲವು ವರ್ಷಗಳಾದವು. ಗಿಡಕ್ಕೆ ರೋಗವಿಲ್ಲ, ಎಲೆಗೆ ಹುಳುವಿನ ಕಾಟವಿಲ್ಲ, ಬೇಸಿಗೆಯ ಹೊತ್ತಿಗೆ ಒಳಗೆ ಕೈ ತೂರದಷ್ಟು ಎಲೆ ತುಂಬಿಕೊಳ್ಳುತ್ತದೆ. ಆರಂಭಿಕರಿಗೆ ಒಗ್ಗುವ, ಹೆಚ್ಚು ಆರೈಕೆ ಬೇಡದ ಗಿಡವೆಂದು ಎಲ್ಲರೂ ಹೊಗಳುವ ಈ ಪೊದೆ, ನೀರು, ಗೊಬ್ಬರ, ಬಿಸಿಲು ಯಾವುದಕ್ಕೂ ಕೊರತೆಯಿಲ್ಲದ ನಮ್ಮಲ್ಲೇ ಏಕೆ ಬರಿಯ ಹಸಿರು ಗುಡ್ಡೆಯಾಗಿ ನಿಂತಿದೆ ಎಂಬುದು ಅರ್ಥವಾಗುತ್ತಿಲ್ಲ. ಈ ವಸಂತವೂ ಹಾಗೆಯೇ ಕಳೆಯಿತು, ಈಗ ಎಲೆ ಉದುರುವ ಕಾಲ ಬಂದಿದೆ. ನನ್ನ ತಾಳ್ಮೆ ಮುಗಿದಿದೆ. ಚಳಿ ಇಳಿದ ಮೇಲೆ ಕಿತ್ತು ಬೇರೆ ಗಿಡ ನೆಡಬೇಕೆಂದಿದ್ದೇನೆ. ಕಾರಣ ಬಲ್ಲವರು ದಯವಿಟ್ಟು ತಿಳಿಸಿ.

ಮಣ್ಣುಮರ್ಮ:
ಕೀಳಬೇಡಿ. ಎಲೆ ಹೆಚ್ಚು, ಹೂ ಇಲ್ಲ ಎಂದರೆ ಸಾರಜನಕ ಹೆಚ್ಚಾಗಿದೆ ಎಂದೇ ಅರ್ಥ. ಪೊದೆಯ ಪಕ್ಕದಲ್ಲಿ ಹುಲ್ಲುಹಾಸು ಇದೆಯೇ? ಹುಲ್ಲಿಗೆ ಹಾಕುವ ಗೊಬ್ಬರದಲ್ಲಿ ಸಾರಜನಕವೇ ಪ್ರಧಾನ, ಅದು ನೀರಿನಲ್ಲಿ ಕರಗಿ ಪೊದೆಯ ಬೇರಿಗೂ ತಲುಪುತ್ತದೆ. ಗೊಬ್ಬರದ ಚೀಲದ ಮೇಲಿರುವ ಮೂರು ಅಂಕಿಗಳಲ್ಲಿ ಮೊದಲನೆಯದು, ಅಂದರೆ ಸಾರಜನಕದ್ದು, ಎಷ್ಟಿದೆ ಎಂದು ನೋಡಿ ತಿಳಿಸಿ.

ಹೊಸಚಿಗುರು:
ಹುಲ್ಲುಹಾಸು ಇದೆ, ಆದರೆ ಅದಕ್ಕೆ ಏನನ್ನೂ ಹಾಕುವುದಿಲ್ಲ. ಪೊದೆಗೆ ವರ್ಷಕ್ಕೊಮ್ಮೆ ಬುಡದ ಸುತ್ತ ಒಂದು ಪದರ ಕಾಂಪೋಸ್ಟ್ ಹರಡುತ್ತೇನೆ, ಅಷ್ಟೇ.

ಮಣ್ಣುಮರ್ಮ:
ಕಾಂಪೋಸ್ಟಿನಲ್ಲೂ ಸಾರಜನಕವಿದೆ. ಈ ವರ್ಷ ಅದನ್ನು ನಿಲ್ಲಿಸಿ, ಬುಡಕ್ಕೆ ಎರಡು ಹಿಡಿ ಎಲುಬಿನ ಪುಡಿ ಹಾಕಿ. ಅದರಲ್ಲಿರುವ ರಂಜಕ ಹೂವಿಗೆ ಬೇಕಾದದ್ದು.

ನಿಧಾನತೋಟ:
ಮಣ್ಣುಮರ್ಮ ಅವರೇ, ಎಲುಬಿನ ಪುಡಿಯನ್ನು ಎಲ್ಲ ಮಣ್ಣಿಗೂ ಮದ್ದೆಂದು ಹೇಳುವುದು ಸರಿಯಲ್ಲ. ಪಿಎಚ್ (ಮಣ್ಣಿನ ಆಮ್ಲ-ಕ್ಷಾರದ ಅಳತೆ) 7ಕ್ಕಿಂತ ಹೆಚ್ಚಿರುವ ಮಣ್ಣಿನಲ್ಲಿ ಅದರ ರಂಜಕ ಗಿಡಕ್ಕೆ ಸಿಗುವುದೇ ಕಷ್ಟ. ಮಣ್ಣಿನಲ್ಲಿ ಈಗಾಗಲೇ ರಂಜಕ ಸಾಕಷ್ಟಿದ್ದರೆ ಇನ್ನಷ್ಟು ಸುರಿಯುವುದರಿಂದ ಕಬ್ಬಿಣದ ಅಂಶ ಹೀರಿಕೊಳ್ಳಲು ಗಿಡಕ್ಕೆ ತೊಡಕಾಗುತ್ತದೆ. ವರ್ಷಕ್ಕೊಂದು ಪದರ ಕಾಂಪೋಸ್ಟಿನಿಂದ ಸ್ಪೈರಿಯಾ ಹೂವನ್ನೇ ಮರೆತದ್ದನ್ನು ನಾನು ಎಲ್ಲಿಯೂ ಕಂಡಿಲ್ಲ.

ಹೊಸಚಿಗುರು ಅವರೇ, ನಿಮ್ಮದು ಯಾವ ಜಾತಿಯ ಸ್ಪೈರಿಯಾ, ಅದನ್ನು ಯಾವಾಗ ಸವರುತ್ತೀರಿ ಎಂಬ ಎರಡು ಸಂಗತಿಗಳನ್ನು ನೀವು ಹೇಳಿಯೇ ಇಲ್ಲ. ಅವೆರಡು ತಿಳಿಯದೆ ಉಳಿದದ್ದೆಲ್ಲ ಊಹೆ.

ಮಣ್ಣುಮರ್ಮ:
ಊಹೆಯಲ್ಲ. ಸಾರಜನಕ ಹೆಚ್ಚಾದ ಗಿಡದ ಲಕ್ಷಣ ನನಗೆ ಚೆನ್ನಾಗಿ ಗೊತ್ತಿದೆ. ಮೊದಲು ಮಣ್ಣು ಪರೀಕ್ಷೆ ಮಾಡಿಸಲಿ, ಜಾತಿಯ ಮಾತು ಆಮೇಲೆ.

ಹೂಬೇಲಿ:
ನನ್ನ ಅನುಭವವನ್ನೂ ಹೇಳುತ್ತೇನೆ. ದಾರಿಯ ಎರಡೂ ಬದಿಗೆ ಗೋಲ್ಡ್‌ಫ್ಲೇಮ್, ಅದರ ಮುಂದೆ ಗಿಡ್ಡನೆಯ ಲಿಟಲ್ ಪ್ರಿನ್ಸೆಸ್ ಎಂಬ ಸ್ಪೈರಿಯಾ ತಳಿಗಳನ್ನು ನೆಟ್ಟಿದ್ದೇನೆ. ಗಿಡದಿಂದ ಗಿಡಕ್ಕೆ ಮುಕ್ಕಾಲು ಮೀಟರಿನಷ್ಟು ಅಂತರ, ಎಲ್ಲಕ್ಕೂ ಹನಿ ನೀರಾವರಿ, ಬುಡಕ್ಕೆ ತೊಗಟೆಯ ಹೊದಿಕೆ. ಚಳಿಗಾಲದ ಕೊನೆಯಲ್ಲಿ ಎಲ್ಲವನ್ನೂ ಗೇಣುದ್ದಕ್ಕೆ ಸವರಿಬಿಡುತ್ತೇನೆ, ಬೇಸಿಗೆಯಲ್ಲಿ ಎಲೆ ಕಾಣದಷ್ಟು ಗುಲಾಬಿ ಬಣ್ಣದ ಹೂವು. ಬಾಡಿದ ಗೊಂಚಲುಗಳನ್ನು ಆಗಲೇ ತೆಗೆದರೆ ಇನ್ನೊಂದು ಸುತ್ತು ಹೂವೂ ಬರುತ್ತದೆ. ಗೋಲ್ಡ್‌ಫ್ಲೇಮಿನಲ್ಲಿ ಕೆಲವೊಮ್ಮೆ ಅಪ್ಪಟ ಹಸಿರು ಎಲೆಯ ಚಿಗುರು ಜೋರಾಗಿ ಏಳುತ್ತದೆ, ಅದನ್ನು ಬುಡದಲ್ಲೇ ತೆಗೆಯದಿದ್ದರೆ ಹೊನ್ನಿನ ಬಣ್ಣವನ್ನೆಲ್ಲ ನುಂಗಿಬಿಡುತ್ತದೆ. ಗಟ್ಟಿಯಾಗಿ ಸವರಿ, ಹೂವು ಬಂದೇ ಬರುತ್ತದೆ.

ಹೊಸಚಿಗುರು:
ಸವರುವುದನ್ನು ನಾನೂ ತಪ್ಪಿಸಿಲ್ಲ. ಎಲ್ಲರೂ ಮಾಡುವ ಕೆಲಸವೆಂದು ಬರೆದಿರಲಿಲ್ಲ. ಚಳಿಗಾಲದ ಕೊನೆಗೆ, ಚಿಗುರು ಏಳುವ ಮೊದಲು, ಬೇಲಿ ಕತ್ತರಿಯಿಂದ ಮೊಣಕಾಲೆತ್ತರಕ್ಕೆ ಗುಂಡಗೆ ಮಾಡುತ್ತೇನೆ. ಜಾತಿ ಯಾವುದೆಂದು ಗೊತ್ತಿಲ್ಲ, ನರ್ಸರಿಯ ಚೀಟಿಯಲ್ಲಿ ಸ್ಪೈರಿಯಾ ಎಂದಷ್ಟೇ ಇತ್ತು. ತಂದ ವರ್ಷ ಬಿಳಿ ಹೂವಿತ್ತು. ಈಗಲೂ ಗೋಡೆಯ ಕಡೆಗೆ ಕತ್ತರಿ ಹೋಗದ ಒಂದೆರಡು ಕಾಂಡಗಳಲ್ಲಿ ವಸಂತಕ್ಕೆ ನಾಲ್ಕಾರು ಗೊಂಚಲು ಕಾಣಿಸುತ್ತವೆ, ಆದರೆ ಅಷ್ಟನ್ನು ಹೂ ಬಿಟ್ಟಿತೆಂದು ಹೇಳಲಾದೀತೇ?

ನಿಧಾನತೋಟ:
ಇಡೀ ಸಮಸ್ಯೆಯ ಉತ್ತರ ಆ ಗೋಡೆಯ ಹಿಂದಿನ ಕಾಂಡಗಳಲ್ಲೇ ಇದೆ! ಒಂದೇ ಬೇರು, ಒಂದೇ ಮಣ್ಣು, ಒಂದೇ ಕಾಂಪೋಸ್ಟ್. ಕತ್ತರಿ ಮುಟ್ಟದ ಕಡೆ ಹೂವಿದೆ, ಮುಟ್ಟಿದ ಕಡೆ ಇಲ್ಲ.

ಹೂಬೇಲಿ ಅವರು ಹೇಳಿದ್ದು ಅವರ ಗಿಡಗಳಿಗೆ ನೂರಕ್ಕೆ ನೂರು ಸರಿ, ಏಕೆಂದರೆ ಅವೆರಡೂ ಜಪಾನಿಕಾ ಗುಂಪಿನವು. ಅವು ಅದೇ ವರ್ಷ ಚಿಗುರಿದ ರೆಂಬೆಯ ತುದಿಯಲ್ಲಿ ಬೇಸಿಗೆಯಲ್ಲಿ ಹೂ ಬಿಡುತ್ತವೆ. ಆದರೆ ವ್ಯಾನ್‌ಹೂಟೆಯಿ, ಥನ್‌ಬರ್ಗಿ, ಪ್ರೂನಿಫೋಲಿಯಾ, ನಿಪ್ಪೋನಿಕಾ ಮೊದಲಾದ ಬಿಳಿ ಹೂವಿನ ವಸಂತದ ಸ್ಪೈರಿಯಾಗಳು ಹಿಂದಿನ ವರ್ಷ ಬೆಳೆದ ಕೊಂಬೆಯ ಮೇಲೆ ಹೂ ಬಿಡುತ್ತವೆ. ಅವುಗಳ ಮೊಗ್ಗು ಚಳಿಗಾಲಕ್ಕೆ ಮುಂಚೆಯೇ ಕೊಂಬೆಯ ಉದ್ದಕ್ಕೂ, ಎಲೆ ಉದುರಿದ ಗಂಟುಗಳಲ್ಲಿ ಸಣ್ಣ ಉಬ್ಬುಗಳಾಗಿ ಸಿದ್ಧವಾಗಿರುತ್ತದೆ. ಚಳಿಗಾಲದ ಕೊನೆಯಲ್ಲಿ ಕತ್ತರಿಸಿದಾಗ ಬರುವ ವಸಂತದ ಹೂವೆಲ್ಲ ಆ ತುಂಡುಗಳ ಜೊತೆಗೇ ಹೋಗುತ್ತದೆ.

ಖಚಿತಪಡಿಸಿಕೊಳ್ಳಲು ಎಲೆಯನ್ನು ನೋಡಿ. ಜಪಾನಿಕಾದ ಎಲೆ ಉದ್ದವಾಗಿ, ತುದಿ ಚೂಪಾಗಿ, ಅಂಚಿನುದ್ದಕ್ಕೂ ಗರಗಸದಂತೆ ಹಲ್ಲುಗಳಿರುತ್ತವೆ. ವ್ಯಾನ್‌ಹೂಟೆಯಿಯ ಎಲೆ ಚಿಕ್ಕದು, ನೀಲಿ ಛಾಯೆಯ ಹಸಿರು, ಬುಡದ ಕಡೆ ಅಂಚು ನಯವಾಗಿದ್ದು ಮೇಲ್ಭಾಗದಲ್ಲಿ ಮಾತ್ರ ಕಚ್ಚುಗಳಿರುತ್ತವೆ.

ಮಣ್ಣುಮರ್ಮ:
ಹಾಗಾದರೆ ಅಷ್ಟೊಂದು ಎಲೆ ಏಕೆ ಬರುತ್ತಿದೆ? ಅದಕ್ಕೆ ಸಾರಜನಕವಲ್ಲದೆ ಬೇರೆ ಕಾರಣವಿಲ್ಲ.

ನಿಧಾನತೋಟ:
ಇದೆ. ಬೇರು ಹಳೆಯ ಅಳತೆಯಲ್ಲೇ ಇದ್ದು ಮೇಲಿನ ಭಾಗವನ್ನು ಮೊಣಕಾಲಿಗೆ ಇಳಿಸಿದರೆ, ಆ ಬೇರಿನ ಬಲವೆಲ್ಲ ಉಳಿದ ಕೆಲವೇ ಕಣ್ಣುಗಳಿಗೆ ಹರಿದು ಚಿಗುರು ನುಗ್ಗಿ ಬರುತ್ತದೆ. ವ್ಯಾನ್‌ಹೂಟೆಯಿ ತನ್ನ ಪಾಡಿಗೆ ಬಿಟ್ಟರೆ ಎರಡು ಮೀಟರಿನಷ್ಟು ಬೆಳೆದು ಕೊಂಬೆಗಳನ್ನು ಬಾಗಿಸಿಕೊಳ್ಳುವ ಗಿಡ. ಅದನ್ನು ಚೆಂಡಿನಂತೆ ಕತ್ತರಿಸಿದರೆ ಹೊರಗೆ ಎಲೆಯ ಗೋಡೆ ಎದ್ದು, ಒಳಗೆ ಬೆಳಕಿಲ್ಲದೆ ಕಡ್ಡಿ ಒಣಗುತ್ತದೆ. ನಿಮ್ಮ ಮಣ್ಣು ಪರೀಕ್ಷೆಯ ಸಲಹೆ ಒಳ್ಳೆಯದೇ, ಆದರೆ ಈ ಗಿಡದ ಹೂ ನಿಂತದ್ದು ಅದರಿಂದಲ್ಲ.

ಕುಂಡಕೃಷಿ:
ನಡುವೆ ಬಂದದ್ದಕ್ಕೆ ಕ್ಷಮಿಸಿ. ನನ್ನ ಕುಂಡದ ಸ್ಪೈರಿಯಾದಲ್ಲಿ ಹೊಸ ಎಲೆಗಳು ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದಿವೆ. ನಾನೂ ಎಲುಬಿನ ಪುಡಿ ಹಾಕುತ್ತಿದ್ದೆ. ಅದೇ ಕಾರಣವೇ?

ಮಣ್ಣುಮರ್ಮ:
ಪುಡಿಯನ್ನೇ ದೂರಬೇಡಿ. ನರ ಹಸಿರು, ನಡುವೆ ಹಳದಿ, ಅದೂ ಹೊಸ ಎಲೆಯಲ್ಲಿ ಎಂದರೆ ಕಬ್ಬಿಣದ ಕೊರತೆ. ಕುಂಡದಲ್ಲಿ ಗಡಸು ನೀರು ಹಾಕಿ ಹಾಕಿ ಪಿಎಚ್ ಏರಿದಾಗ ಹೀಗಾಗುವುದು ಸಾಮಾನ್ಯ. ಸ್ಪೈರಿಯಾಗೆ 6ರಿಂದ 7ರೊಳಗಿನ ಪಿಎಚ್ ಹಿತ. ಪುಡಿ ಹಾಕುವುದನ್ನು ನಿಲ್ಲಿಸಿ, ಪಿಎಚ್ ಅಳೆದು ಬೇರೆ ಚರ್ಚೆ ಆರಂಭಿಸಿ, ಅಲ್ಲಿ ವಿವರವಾಗಿ ಹೇಳುತ್ತೇನೆ.

ಹೊಸಚಿಗುರು:
ಎಲೆ ನೋಡಿದೆ. ಚಿಕ್ಕದು, ಕಚ್ಚುಗಳು ಮೇಲ್ಭಾಗದಲ್ಲಿ ಮಾತ್ರ ಇವೆ. ಈಗ ಏನು ಮಾಡಬೇಕು? ಒಳಗೆ ನಿಜವಾಗಿಯೂ ಒಣ ಕಡ್ಡಿಗಳು ಬಹಳ ಇವೆ.

ನಿಧಾನತೋಟ:
ಒಣಗಿದ್ದನ್ನು ಯಾವಾಗ ಬೇಕಾದರೂ ತೆಗೆಯಬಹುದು. ಅನುಮಾನವಿದ್ದರೆ ಉಗುರಿನಿಂದ ತೊಗಟೆಯನ್ನು ಕೆರೆಯಿರಿ: ಒಳಗೆ ಹಸಿರು ತೇವ ಕಂಡರೆ ಜೀವವಿದೆ, ಕಂದು ಬಣ್ಣದಲ್ಲಿ ಪುಡಿಯಾದರೆ ಕತ್ತರಿಸಿ. ಜೀವವಿರುವ ಒಂದು ಕೊಂಬೆಯನ್ನೂ ಈ ಚಳಿಗಾಲದಲ್ಲಿ ಮುಟ್ಟಬೇಡಿ. ವಸಂತದ ಹೂವು ಬಾಡಿದ ಕೂಡಲೇ, ತಡಮಾಡದೆ, ಅತಿ ಹಳೆಯ, ದಪ್ಪ ಕಾಂಡಗಳಲ್ಲಿ ಮೂರನೆಯ ಒಂದು ಭಾಗವನ್ನು ನೆಲಮಟ್ಟದಲ್ಲಿ ಕೈಕತ್ತರಿಯಿಂದ ತೆಗೆಯಿರಿ. ಮುಂದಿನ ಎರಡು ವರ್ಷವೂ ಅದೇ ಸಮಯಕ್ಕೆ ಅಷ್ಟಷ್ಟೇ ತೆಗೆದರೆ ಇಡೀ ಪೊದೆ ಹೊಸದಾಗುತ್ತದೆ, ನಡುವೆ ಯಾವ ವಸಂತದ ಹೂವೂ ತಪ್ಪುವುದಿಲ್ಲ. ತುದಿಗಳನ್ನು ಸಮ ಮಾಡಲು ಹೋಗಬೇಡಿ, ಬಾಗಿದ ಕೊಂಬೆಯೇ ಈ ಗಿಡದ ಚೆಲುವು.

ಹೂಬೇಲಿ:
ಬಾಗಿದ ಕೊಂಬೆ ದಾರಿಗೆ ಅಡ್ಡ ಬರುತ್ತದೆ, ಅಂಥಲ್ಲಿ ಜಪಾನಿಕಾವೇ ಮೇಲು ಎಂಬುದು ಈಗಲೂ ನನ್ನ ಅಭಿಪ್ರಾಯ.

ಹೊಸಚಿಗುರು:
ನಮ್ಮಲ್ಲಿ ಗೋಡೆಯ ಬದಿಗೆ ಜಾಗ ಸಾಕಷ್ಟಿದೆ, ಹರಡಿಕೊಳ್ಳಲಿ. ಇಂದು ಒಣ ಕಡ್ಡಿಗಳನ್ನಷ್ಟೇ ತೆಗೆದೆ, ಬುಡದವರೆಗೂ ಬೆಳಕು ಬೀಳುತ್ತಿದೆ. ಕೀಳುವ ಯೋಚನೆ ಬಿಟ್ಟಿದ್ದೇನೆ. ಮಣ್ಣಿನ ಪರೀಕ್ಷೆಯನ್ನೂ ಮಾಡಿಸುತ್ತೇನೆ, ಫಲಿತಾಂಶ ಬಂದ ಮೇಲೆ ಇಲ್ಲಿಯೇ ಬರೆಯುತ್ತೇನೆ.