ಹೆಸರು ಹಾಕಿದ ಹೊದಿಕೆ ಅದಲುಬದಲಾಗಿದೆ, ಗ್ರಾಹಕರು ಕೆಂಡವಾಗಿದ್ದಾರೆ. ಏನಂತ ಉತ್ತರ ಬರೆಯಲಿ?

ಉಣ್ಣೆ ಎಳೆ

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ಹೇಳಿ.

ನಾನು ಮತ್ತು ಅಕ್ಕ ಮಕ್ಕಳ ಉಣ್ಣೆ ಹೊದಿಕೆ ಹೆಣೆದು ಆನ್‌ಲೈನ್‌ನಲ್ಲಿ ಮಾರುತ್ತೇವೆ. ಮೂಲೆಯಲ್ಲಿ ಮಗುವಿನ ಹೆಸರು ಕಸೂತಿ ಮಾಡಿ ಕೊಡುತ್ತೇವೆ. ಜನ ನಮ್ಮ ಹತ್ತಿರ ಬರುವುದೇ ಅದಕ್ಕೆ. ಕಳೆದ ವಾರ ಒಂದೇ ಅಳತೆಯ ಎರಡು ಹೊದಿಕೆ ಒಟ್ಟಿಗೆ ಕಳಿಸಿದ್ದೆವು. ಒಂದು ತಿಳಿಹಳದಿ, ಇನ್ನೊಂದು ಹಸಿರು. ನಿನ್ನೆ ರಾತ್ರಿ ಹಳದಿ ಆರ್ಡರ್ ಮಾಡಿದವರಿಂದ ಮೆಸೇಜು ಬಂತು. ಬಾಕ್ಸ್ ತೆಗೆದರೆ ಒಳಗೆ ಹಸಿರು ಹೊದಿಕೆ, ಅದರ ಮೇಲೆ ಬೇರೆ ಯಾರದೋ ಮಗುವಿನ ಹೆಸರು. ಅವರ ತಂಗಿಯ ಮಗುವಿಗೆ ಉಡುಗೊರೆಯಂತೆ, ಭಾನುವಾರ ಕೊಡಬೇಕಂತೆ.

ಅವರು ಬರೆದದ್ದು ಹೀಗಿದೆ: "ಹೆಸರು ಓದೋಕೂ ಬರಲ್ವಾ ನಿಮಗೆ? ದುಡ್ಡೂ ವಾಪಸ್ ಬೇಕು, ಹೊದಿಕೆಯೂ ಬೇಕು. ಇದನ್ನು ವಾಪಸ್ ಕಳಿಸೋಕೆ ನಾನು ಎಲ್ಲೂ ಅಲೆಯಲ್ಲ. ಒಂದು ಸ್ಟಾರ್ ಹಾಕ್ತೀನಿ, ಎಲ್ಲರಿಗೂ ಗೊತ್ತಾಗಲಿ."

ಬರೆಯುವುದು, ಅಳಿಸುವುದು, ಇದೇ ಆಗಿದೆ ಬೆಳಿಗ್ಗೆಯಿಂದ. ಹೊಸದಾಗಿ ಹೆಣೆಯೋಣ ಅಂದರೆ ಭಾನುವಾರದೊಳಗೆ ಸಾಧ್ಯವೇ ಇಲ್ಲ. "ದುಡ್ಡು ವಾಪಸ್ ಹಾಕಿ ಕೈತೊಳೆದುಕೊಳ್ಳೋಣ" ಅಂತಾಳೆ ಅಕ್ಕ. ನನಗೆ ಅದು ಸರಿ ಅನ್ನಿಸುತ್ತಿಲ್ಲ. ಅವರಿಗೆ ಬೇಕಿದ್ದದ್ದು ಹೊದಿಕೆ ಅಲ್ವಾ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

---

ಗೋದಾಮು ಗೆಳೆಯ

ಉತ್ತರ ಬರೆಯೋದು ಆಮೇಲೆ. ಮೊದಲು ಇನ್ನೊಂದು ಪಾರ್ಸೆಲ್ ಎಲ್ಲಿದೆ ನೋಡಿ.

ನಿಮ್ಮ ಪೋಸ್ಟಿನಲ್ಲಿ ಒಬ್ಬರ ಮಾತು ಮಾತ್ರ ಇದೆ. ಇದು ಅದಲುಬದಲು ಅಂದಮೇಲೆ ಹಸಿರು ಹೊದಿಕೆ ಕೇಳಿದ್ದ ಇನ್ನೊಂದು ಮನೆಗೆ ಹಳದಿ ಹೋಗುತ್ತಿದೆ, ಅಥವಾ ಆಗಲೇ ಹೋಗಿದೆ. ಅವರಿನ್ನೂ ಸುಮ್ಮನಿದ್ದಾರೆ ಅಷ್ಟೇ. ಟ್ರ್ಯಾಕಿಂಗ್ ತೆಗೆದು ನೋಡಿ. ಡೆಲಿವರಿಗೆ ಹೊರಟಿಲ್ಲ ಅಂತಿದ್ದರೆ ಈಗಲೇ ಕೊರಿಯರ್‌ನವರಿಗೆ ಫೋನ್ ಮಾಡಿ. ಪಾರ್ಸೆಲ್ ತಡೆಹಿಡಿಯಿರಿ ಅಂತ ಕೇಳಿ. ಕಳಿಸಿದವರೇ ಕೇಳಿದರೆ ದಾರಿಯಲ್ಲಿರುವಾಗ ನಿಲ್ಲಿಸುವ ವ್ಯವಸ್ಥೆ ಸುಮಾರು ಕೊರಿಯರ್‌ಗಳಲ್ಲಿ ಇರುತ್ತೆ. ಡೆಲಿವರಿ ಹುಡುಗನ ಬ್ಯಾಗಿಗೆ ಹೋದಮೇಲೆ ಕಷ್ಟ. ಆಗಲೇ ಮನೆ ಸೇರಿದ್ದರೆ, ಅವರು ಬಾಕ್ಸ್ ತೆಗೆದು ನಿಮಗೆ ಬೈಯುವುದಕ್ಕೆ ಮೊದಲೇ ನೀವೇ ಹೇಳಿ. ಮೊದಲೇ ಹೇಳಿದವರ ಮೇಲೆ ಸಿಟ್ಟು ಅರ್ಧಕ್ಕರ್ಧ ಕಡಿಮೆ ಇರುತ್ತೆ.

ಇನ್ನೊಂದು ಮಾತು, ಇದು ಮುಖ್ಯ. "ನೀವಿಬ್ಬರೂ ಪರಸ್ಪರ ಕಳಿಸಿಕೊಂಡುಬಿಡಿ" ಅಂತ ಮಾತ್ರ ಹೇಳಬೇಡಿ. ಒಬ್ಬರ ವಿಳಾಸ, ಫೋನ್ ನಂಬರ್ ಇನ್ನೊಬ್ಬರಿಗೆ ಕೊಡಬೇಡಿ. ಅದರಲ್ಲೂ ಚಿಕ್ಕ ಮಗುವಿನ ಹೆಸರಿರುವ ವಸ್ತು ಇದು. ಎರಡೂ ನಿಮ್ಮ ಮೂಲಕವೇ ಹೋಗಬೇಕು, ಖರ್ಚೂ ನಿಮ್ಮದೇ.

ಬೇರೆ ಬೇರೆ ವಸ್ತು ಆಗಿದ್ದರೆ ಕೊರಿಯರ್ ರಸೀದಿಯಲ್ಲಿ ಬರೆದ ತೂಕ ನೋಡಿಯೇ ಅದಲುಬದಲು ಗೊತ್ತಾಗುತ್ತೆ, ನಾವು ಎಷ್ಟೋ ಸಲ ಹಾಗೆ ಹಿಡಿದಿದ್ದೇವೆ. ನಿಮ್ಮದು ಒಂದೇ ಅಳತೆ, ಒಂದೇ ಉಣ್ಣೆ. ತೂಕದಿಂದ ಏನೂ ತಿಳಿಯಲ್ಲ.

---

ದೂರುಪೆಟ್ಟಿಗೆ

ನಾನು ಗ್ರಾಹಕರ ದೂರು ನೋಡುವ ಕೆಲಸದಲ್ಲೇ ವರ್ಷಗಟ್ಟಲೆ ಇದ್ದೇನೆ. ಗೋದಾಮು ಗೆಳೆಯ ಹೇಳಿದ್ದು ನೂರಕ್ಕೆ ನೂರು ನಿಜ. ಆದರೆ ಟ್ರ್ಯಾಕಿಂಗ್ ಹುಡುಕುತ್ತಾ ಸಂಜೆವರೆಗೆ ಸುಮ್ಮನಿರಬೇಡಿ. ಈಗಲೇ ಎರಡು ಸಾಲು ಬರೆಯಿರಿ: ನೋಡಿದೆವು, ತಪ್ಪು ನಮ್ಮದೇ, ಇಷ್ಟು ಗಂಟೆಯೊಳಗೆ ಏನು ಮಾಡುತ್ತೇವೆ ಅಂತ ಹೇಳುತ್ತೇವೆ. ಆ ಗಂಟೆ ಮೀರಬಾರದು. ಉತ್ತರ ಸಿಕ್ಕಿರಲಿ ಬಿಡಲಿ, ಹೇಳಿದ ಹೊತ್ತಿಗೆ ಬರೆಯಲೇಬೇಕು.

ಆಮೇಲಿನ ದೊಡ್ಡ ಮೆಸೇಜಿನಲ್ಲಿ ಏನು ಬರೆಯಬಾರದು ಅಂತ ಮೊದಲು ಹೇಳುತ್ತೇನೆ, ಜನ ಎಡವೋದು ಅಲ್ಲೇ. ಕಾರಣ ಕೊಡಬೇಡಿ. ಕೆಲಸ ಜಾಸ್ತಿ ಇತ್ತು, ಎರಡೂ ಒಂದೇ ತರ ಕಾಣ್ತಿತ್ತು, ಪ್ಯಾಕ್ ಮಾಡಿದವರು ಹೊಸಬರು, ಇದೆಲ್ಲ ನಿಜವೇ ಇರಬಹುದು. ಆದರೆ ಓದುವವರಿಗೆ ಅದು ಜಾರಿಕೊಳ್ಳುವ ಮಾತಿನ ಹಾಗೆ ಕೇಳುತ್ತೆ. ಅವರು ಕೇಳಿದರೆ ಆಗ ಹೇಳಿ. "ಹೆಸರು ಓದೋಕೂ ಬರಲ್ವಾ" ಅನ್ನುವ ಸಾಲಿಗೆ ಉತ್ತರವನ್ನೇ ಕೊಡಬೇಡಿ. ಅದು ಪ್ರಶ್ನೆಯಲ್ಲ, ನೋವು. ಮತ್ತೆ, ಭಾನುವಾರ ತಲುಪುತ್ತೆ ಅನ್ನುವುದು ನಿಮ್ಮ ಕೈಯಲ್ಲಿಲ್ಲದಿದ್ದರೆ ಆ ಮಾತು ಕೊಡಲೇಬೇಡಿ.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

"ನಿಮಗೆ ಹೋಗಬೇಕಿದ್ದ ಹಳದಿ ಹೊದಿಕೆಯ ಬದಲು ಇನ್ನೊಬ್ಬರ ಹೊದಿಕೆ ಕಳಿಸಿದ್ದೇವೆ. ತಪ್ಪು ನಮ್ಮದು, ಕ್ಷಮಿಸಿ. ಭಾನುವಾರದ ಉಡುಗೊರೆ ಅಂತ ಹೇಳಿದಿರಿ, ಅದಕ್ಕೇ ಮೊದಲು ಅದನ್ನೇ ನೋಡುತ್ತಿದ್ದೇವೆ. ನಿಮ್ಮ ಹೊದಿಕೆ ಈಗ ಇಂಥ ಕಡೆ ಇದೆ, ಇಂಥ ದಿನ ನಿಮ್ಮ ಕೈ ಸೇರುತ್ತೆ. ಅದಕ್ಕೆ ನೀವು ಕಾಯುವುದಾದರೆ ಕಳಿಸುವ ಖರ್ಚನ್ನು ವಾಪಸ್ ಹಾಕುತ್ತೇವೆ. ಬೇಡ ಅನ್ನಿಸಿದರೆ ಪೂರ್ತಿ ದುಡ್ಡು ಇವತ್ತೇ ವಾಪಸ್. ಯಾವುದು ಅಂತ ಒಂದು ಮಾತು ಹೇಳಿ ಸಾಕು. ಹಸಿರು ಹೊದಿಕೆ ತೆಗೆದುಕೊಂಡು ಹೋಗಲು ನಿಮ್ಮ ಮನೆಗೇ ಜನ ಬರುತ್ತಾರೆ. ಬಂದ ಬಾಕ್ಸಿನಲ್ಲೇ ಹಾಕಿಡಿ, ಚೀಟಿ ಅವರೇ ತರುತ್ತಾರೆ."

ನೋಡಿ, ಇದರಲ್ಲಿ ಅವರಿಗೆ ಉಳಿದ ಕೆಲಸ ಒಂದೇ, ಯಾವುದು ಬೇಕು ಅಂತ ಹೇಳುವುದು. ಫೋಟೋ ಕಳಿಸಿ, ಫಾರ್ಮ್ ತುಂಬಿ, ಅಂಟಿಸಿ, ಹೋಗಿ ಕೊಟ್ಟು ಬನ್ನಿ, ಯಾವುದೂ ಇಲ್ಲ. ತಪ್ಪು ಪಾರ್ಸೆಲ್ ಬಂದವರು ನಿಜವಾಗಿ ಸಿಟ್ಟಾಗುವುದು ಎರಡನೇ ದಿನ. ನಮ್ಮ ತಪ್ಪನ್ನು ಸರಿಮಾಡುವ ಕೆಲಸವನ್ನು ನಾವು ಅವರ ತಲೆಗೇ ಕಟ್ಟಿದಾಗ.

---

ಬರೀ ಕೊಳ್ಳುವವಳು

ನಾನು ಮಾರುವವಳಲ್ಲ, ಆದರೂ ಹೇಳಬೇಕು ಅನ್ನಿಸಿತು.

ನನಗೆ ಒಮ್ಮೆ ಬೇರೆ ಅಳತೆಯ ಶೂ ಬಂದಿತ್ತು. ಫೋಟೋ ಕೇಳಿದರು, ಕಳಿಸಿದೆ. ಬಾಕ್ಸಿನ ಮೇಲಿನ ಚೀಟಿ ಕಾಣ್ತಿಲ್ಲ ಅಂದರು, ಅದನ್ನೂ ಕಳಿಸಿದೆ. ಆಮೇಲೆ ಬಾಕ್ಸ್ ತೆಗೆಯುವ ವಿಡಿಯೋ ಇದೆಯಾ ಅಂತ ಕೇಳಿದರು. ಯಾರಾದರೂ ಪಾರ್ಸೆಲ್ ಬಂದಾಗಲೆಲ್ಲ ವಿಡಿಯೋ ಮಾಡ್ತಾ ಕೂರ್ತಾರಾ? ನನ್ನನ್ನೇ ಕಳ್ಳಿ ಅಂದುಕೊಂಡ ಹಾಗಾಯಿತು. ಕೊನೆಗೆ ದುಡ್ಡು ಬಂತು ನಿಜ. ಆದರೆ ಅಲ್ಲಿಂದ ಮತ್ತೆ ಏನನ್ನೂ ತೆಗೆದುಕೊಂಡಿಲ್ಲ.

ನಿಮ್ಮ ಅಕ್ಕ ಹೇಳಿದ ಹಾಗೆ ಕೇಳದೇ ದುಡ್ಡು ವಾಪಸ್ ಹಾಕಿಬಿಟ್ಟರೆ ಅದೂ ಬೇಸರವೇ. ಆ ಹೆಂಗಸು ಬಣ್ಣ ಆರಿಸಿದ್ದಾರೆ, ಹೆಸರಿನ ಅಕ್ಷರ ಸರಿ ಇದೆಯಾ ಅಂತ ನೋಡಿ ಟೈಪ್ ಮಾಡಿದ್ದಾರೆ, ಆ ಮಗು ಹೊದ್ದುಕೊಂಡಿರೋದನ್ನು ಮನಸ್ಸಿನಲ್ಲೇ ನೋಡಿಬಿಟ್ಟಿದ್ದಾರೆ. ದುಡ್ಡು ಮಾತ್ರ ವಾಪಸ್ ಬಂದರೆ "ನಮಗೂ ನಿಮಗೂ ಮುಗಿಯಿತು" ಅಂದ ಹಾಗೆ. ಅವರು ದುಡ್ಡೂ ಬೇಕು, ಹೊದಿಕೆಯೂ ಬೇಕು ಅಂದದ್ದು ದುರಾಸೆಯಿಂದ ಅಂತ ನನಗೆ ಅನ್ನಿಸಲ್ಲ. ಸಿಟ್ಟಿನಲ್ಲಿ ಬಾಯಿಗೆ ಬಂದದ್ದು. ಒಂದು ಸರಿಯಾದ ಉತ್ತರ ಸಿಕ್ಕಿದರೆ ಆ ಮಾತು ತಾನಾಗಿ ಬಿದ್ದುಹೋಗುತ್ತೆ.

---

ಲೆಕ್ಕದ ಮನುಷ್ಯ

ಎಲ್ಲರೂ ಮನಸ್ಸಿನ ಮಾತು ಹೇಳಿದ್ದೀರಿ, ನಾನು ದುಡ್ಡಿನ ಮಾತು ಹೇಳುತ್ತೇನೆ. ಚಿಕ್ಕ ವ್ಯಾಪಾರ ಮುಳುಗೋದು ಇಲ್ಲೇ.

ಅವರು ಬ್ಯಾಂಕಿಗೆ ಅಥವಾ ಕಾರ್ಡ್ ಕಂಪನಿಗೆ ಆಗಲೇ ದೂರು ಕೊಟ್ಟಿದ್ದಾರಾ ನೋಡಿಕೊಳ್ಳಿ. ಕೊಟ್ಟಿದ್ದರೆ ಕಾರ್ಡ್‌ನವರು ದುಡ್ಡನ್ನು ನಿಮ್ಮಿಂದ ಹಿಂದಕ್ಕೆ ಎಳೆದುಕೊಳ್ಳುತ್ತಾರೆ, ಚಾರ್ಜ್‌ಬ್ಯಾಕ್ ಅನ್ನೋದು ಅದನ್ನೇ. ಆ ಹೊತ್ತಿಗೆ ನೀವೂ ಬೇರೆಯಾಗಿ ರೀಫಂಡ್ ಮಾಡಿದರೆ ದುಡ್ಡು ಎರಡು ಸಲ ಹೋಗಬಹುದು. ಹಾಗಾಗಿ ದೂರು ಶುರುವಾಗಿದ್ದರೆ ಆ ದಾರಿಯಲ್ಲೇ ಒಪ್ಪಿಕೊಳ್ಳಿ, ಪಕ್ಕದಲ್ಲಿ ಇನ್ನೊಂದು ರೀಫಂಡ್ ಬೇಡ. ಕೇಳಿದ ವಸ್ತು ಬರಲಿಲ್ಲ ಅನ್ನುವ ದೂರಿಗೆ ವೀಸಾ, ಮಾಸ್ಟರ್‌ಕಾರ್ಡ್‌ಗಳಲ್ಲಿ ಸಾಮಾನ್ಯವಾಗಿ 120 ದಿನಗಳ ಅವಕಾಶ ಇರುತ್ತೆ. ಈ ವಾರ ಸುಮ್ಮನಾದರು ಅಂತ ನೀವೂ ಸುಮ್ಮನಾದರೆ ಮೂರು ತಿಂಗಳಾದ ಮೇಲೂ ಅದು ಬರಬಹುದು.

ರೀಫಂಡ್ ಮಾಡಿದರೆ ಯಾವ ಕಾರ್ಡಿನಿಂದ ದುಡ್ಡು ಬಂತೋ ಅದಕ್ಕೇ ಹಾಕಿ. "ಬೇರೆ ಖಾತೆಗೆ ಹಾಕಿ" ಅಂದರೆ ಒಪ್ಪಬೇಡಿ. ಫೋನಿನಲ್ಲಿ ಮಾತಾಡಿದರೂ ಆಮೇಲೆ ಒಂದು ಸಾಲು ಬರೆದು ಕಳಿಸಿ, ಬರವಣಿಗೆಯಲ್ಲಿ ಇರಲಿ.

ಒಂದು ಸ್ಟಾರ್ ವಿಷಯ. "ರಿವ್ಯೂ ತೆಗೆದರೆ ದುಡ್ಡು ವಾಪಸ್ ಕೊಡ್ತೀವಿ" ಅಂತ ಯಾವತ್ತೂ ಬರೆಯಬೇಡಿ. ಅಮೆಜಾನ್‌ನಲ್ಲಿ ಅದು ನಿಯಮಕ್ಕೆ ವಿರುದ್ಧ, ಖಾತೆಯೇ ಹೋಗಬಹುದು. ಎಲ್ಲ ಸರಿಯಾದ ಮೇಲೆ ಇಬೇಯಂಥ ಕಡೆ "ಅಭಿಪ್ರಾಯ ಬದಲಿಸುತ್ತೀರಾ" ಅಂತ ಕೇಳುವ ದಾರಿಯೇ ಇದೆ. ಅದು ಸಮಸ್ಯೆ ಬಗೆಹರಿದ ಮೇಲಿನ ಮಾತು. ಈಗ ರಿವ್ಯೂ ಅನ್ನುವ ಪದವನ್ನೇ ಎತ್ತಬೇಡಿ.

ದುಡ್ಡೂ ಹೊದಿಕೆಯೂ ಎರಡೂ ಕೊಡಬೇಕಿಲ್ಲ ಅಂತ ನನ್ನ ಅಭಿಪ್ರಾಯ. ಬೇಸರವಾಗಿದೆ ನಿಜ, ಅದಕ್ಕೆ ಏನಾದರೂ ಕಡಿಮೆ ಮಾಡಿ. ಆದರೆ ಕೈಯಿಂದ ಹೆಣೆದ ವಸ್ತು ಅದು, ನಿಮ್ಮ ಅಕ್ಕನ ಶ್ರಮಕ್ಕೂ ಬೆಲೆ ಇದೆ.

---

ದೂರುಪೆಟ್ಟಿಗೆ

@ಲೆಕ್ಕದ ಮನುಷ್ಯ, ಒಪ್ಪಿದೆ. ಒಂದು ಸೇರಿಸುತ್ತೇನೆ. ತಪ್ಪು ಪಾರ್ಸೆಲ್ ಬಂದರೆ "ಅದನ್ನು ನೀವೇ ಇಟ್ಟುಕೊಳ್ಳಿ" ಅನ್ನುವ ಮಾರಾಟಗಾರರು ತುಂಬ ಇದ್ದಾರೆ. ಸಣ್ಣ ಬೆಲೆಯ ವಸ್ತುವಿಗೆ ಅದು ಒಳ್ಳೆಯದೇ, ವಾಪಸ್ ತರಿಸುವ ಖರ್ಚೇ ಜಾಸ್ತಿ ಆಗುತ್ತೆ. ಇಲ್ಲಿ ಅದು ನಡೆಯಲ್ಲ. ಹಸಿರು ಹೊದಿಕೆ ಇನ್ನೊಂದು ಮಗುವಿನದು. ಗ್ರಾಹಕರಿಗೂ ಹಾಗೇ ಹೇಳಿ. ಇದು ನಮ್ಮ ಸ್ಟಾಕ್ ಅಲ್ಲ, ಇನ್ನೊಂದು ಮಗು ಇದಕ್ಕೆ ಕಾಯುತ್ತಿದೆ ಅಂದರೆ ಹೆಚ್ಚಿನವರು ಆಗಲೇ ಮಡಚಿ ಇಡುತ್ತಾರೆ.

ಒಂದು ವಿಷಯ ಈ ಕೆಲಸದಲ್ಲಿರುವವರೆಲ್ಲ ಹೇಳುತ್ತಾರೆ. ತಪ್ಪನ್ನು ಚೆನ್ನಾಗಿ ಸರಿಮಾಡಿದರೆ ಗ್ರಾಹಕರು ಮೊದಲಿಗಿಂತ ಹತ್ತಿರ ಆಗುತ್ತಾರೆ ಅಂತ. 1992ರಲ್ಲಿ ಮೆಕಲೋ ಮತ್ತು ಭಾರದ್ವಾಜ್ ಅನ್ನುವವರು ಅದಕ್ಕೆ ಸರ್ವಿಸ್ ರಿಕವರಿ ಪ್ಯಾರಡಾಕ್ಸ್ ಅಂತ ಹೆಸರಿಟ್ಟರು. ಕೇಳೋಕೆ ಚೆನ್ನಾಗಿದೆ, ಆದರೆ ಅದನ್ನು ನಂಬಿಕೊಂಡು ಕೂರಬೇಡಿ. 2002ರಲ್ಲಿ ಮ್ಯಾಕ್ಸ್‌ಹ್ಯಾಮ್ ಮತ್ತು ನೆಟ್‌ಮೇಯರ್ ಒಂದೇ ಗ್ರಾಹಕರಿಗೆ ಎರಡು ಸಲ ತಪ್ಪಾದರೆ ಏನಾಗುತ್ತೆ ಅಂತ ನೋಡಿದರು. ಒಂದು ತಪ್ಪನ್ನು ಚೆನ್ನಾಗಿ ಸರಿಮಾಡಿದರೆ ಜನ ಮೆಚ್ಚಬಹುದು, ಎರಡನೇ ಸಲ ಆ ಮೆಚ್ಚುಗೆ ಸಿಗಲ್ಲ. ಹಾಗಾಗಿ ಈಗ ಹೋಗುವ ಪಾರ್ಸೆಲ್ ಇದೆಯಲ್ಲ, ನಿಮ್ಮ ಪೂರ್ತಿ ಗಮನ ಅದರ ಮೇಲಿರಲಿ. ಬಾಕ್ಸ್ ಮುಚ್ಚುವ ಮುಂಚೆ ಹೆಸರು ಕಾಣುವ ಹಾಗೆ ಫೋಟೋ ತೆಗೆದು ಅವರಿಗೆ ಕಳಿಸಿ, "ಇದೇ ಅಲ್ವಾ?" ಅಂತ ಕೇಳಿ. ಅವರು ಹೌದು ಅಂದಮೇಲೆ ಟೇಪ್ ಹಚ್ಚಿ.

---

ಗೋದಾಮು ಗೆಳೆಯ

ಫೋಟೋ ಮಾತು ಬಂತಲ್ಲ, ಮುಂದಕ್ಕೂ ಇದೇ ಅಭ್ಯಾಸ ಇಟ್ಟುಕೊಳ್ಳಿ. ವಿಳಾಸದ ಚೀಟಿಗಳನ್ನು ಎಲ್ಲ ಒಟ್ಟಿಗೆ ಪ್ರಿಂಟ್ ತೆಗೆದು, ಮುಚ್ಚಿದ ಬಾಕ್ಸುಗಳನ್ನು ಸಾಲಾಗಿ ಇಟ್ಟು ಆಮೇಲೆ ಅಂಟಿಸುತ್ತಾ ಹೋದರೆ ಒಂದಲ್ಲ ಒಂದು ದಿನ ಇದು ಆಗೇ ಆಗುತ್ತೆ. ಮುಚ್ಚಿದ ಬಾಕ್ಸುಗಳೆಲ್ಲ ಒಂದೇ ತರ. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಆರ್ಡರ್ ಇರಬೇಕು. ಹೊದಿಕೆ, ಅದರ ಚೀಟಿ, ಅದರ ಬಾಕ್ಸ್, ಇಷ್ಟೇ. ಚೀಟಿಯಲ್ಲಿರುವ ಹೆಸರನ್ನೂ ಕಸೂತಿಯ ಹೆಸರನ್ನೂ ಗಟ್ಟಿಯಾಗಿ ಓದಿ, ಮುಚ್ಚಿ, ಅಂಟಿಸಿ, ಪಕ್ಕಕ್ಕಿಟ್ಟು ಆಮೇಲೆ ಮುಂದಿನದನ್ನು ಮುಟ್ಟಿ. ನಿಧಾನ ಅನ್ನಿಸುತ್ತೆ, ಆದರೂ ಹಾಗೇ ಮಾಡಿ.

---

ಉಣ್ಣೆ ಎಳೆ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಹಳದಿ ಹೊದಿಕೆ ಇನ್ನೂ ಕೊರಿಯರ್ ಕೇಂದ್ರದಲ್ಲೇ ಇತ್ತು, ತಡೆಹಿಡಿದಿದ್ದಾರೆ. ನಮಗೆ ವಾಪಸ್ ಬಂದು ಮತ್ತೆ ಹೊರಟರೆ ಸೋಮವಾರ ಸೇರುತ್ತೆ. ಅದನ್ನೇ ಇದ್ದ ಹಾಗೆ ಬರೆದೆ, ದೂರುಪೆಟ್ಟಿಗೆ ಅವರ ಮೆಸೇಜಿನ ತರವೇ. ಅವರು ಬ್ಯಾಂಕಿಗೆ ದೂರು ಕೊಟ್ಟಿಲ್ಲ. ಉತ್ತರ ಹೀಗೆ ಬಂತು: "ಸೋಮವಾರ ಅಂದರೆ ಸೋಮವಾರವೇ ಬರಬೇಕು. ತಂಗಿಗೆ ಹೇಳಿರುತ್ತೇನೆ." ಸಿಟ್ಟು ಪೂರ್ತಿ ಹೋಗಿಲ್ಲ, ಆದರೆ ದುಡ್ಡಿನ ಮಾತು ಎತ್ತಲಿಲ್ಲ.

ಈಗ ಒಂದು ಪ್ರಶ್ನೆ ಉಳಿದಿದೆ. ಹಸಿರು ಹೊದಿಕೆ ಅವರ ಮನೆಯಲ್ಲಿ ಬಿಚ್ಚಿ ನೋಡಿದ್ದು. ಅದನ್ನೇ ಅದರ ನಿಜವಾದ ಮನೆಗೆ ಕಳಿಸಬಹುದಾ? ಆ ಗ್ರಾಹಕರಿಗೆ ಇದನ್ನೆಲ್ಲ ಹೇಳಲೇಬೇಕಾ?

---

ಬರೀ ಕೊಳ್ಳುವವಳು

ಹೇಳಲೇಬೇಕು. ಪುಟ್ಟ ಮಗುವಿನ ಮೈಗೆ ತಾಗುವ ಬಟ್ಟೆ ಅಲ್ವಾ. ಅದಲುಬದಲಾಯಿತು, ಬೇರೆ ಮನೆಯಲ್ಲಿ ತೆರೆದು ನೋಡಿದ್ದಾರೆ, ಬಳಸಿಲ್ಲ, ಹೀಗೇ ಬರೆಯಿರಿ. ತೊಳೆದು ಕಳಿಸಲಾ, ಹೊಸದು ಹೆಣೆಯಲಾ ಅಂತ ಅವರನ್ನೇ ಕೇಳಿ. ನಾನಾಗಿದ್ದರೆ ತೊಳೆದದ್ದು ಸಾಕು ಅನ್ನುತ್ತಿದ್ದೆ. ಆದರೆ ನನ್ನನ್ನು ಕೇಳದೇ ಕಳಿಸಿ ಆಮೇಲೆ ಗೊತ್ತಾಗಿದ್ದರೆ ಖಂಡಿತ ಬೇಜಾರಾಗುತ್ತಿತ್ತು.

ತೊಳೆಯುವುದಾದರೆ ತಣ್ಣೀರಿನಲ್ಲೇ ತೊಳೆಯಿರಿ, ಹಿಂಡಬೇಡಿ, ಹರಡಿ ಒಣಗಿಸಿ. ಬಿಸಿನೀರಿಗೆ ಹಾಕಿ ತಿಕ್ಕಿದರೆ ಉಣ್ಣೆ ಕುಗ್ಗುತ್ತೆ. ಆಮೇಲೆ ಅಳತೆ ಕಡಿಮೆ ಅಂತ ಇನ್ನೊಂದು ದೂರು ಬರುವುದು ಬೇಡ.