‘ಅರ್ಥ ಬರ್ತಿಲ್ಲ’, ‘ಪ್ಲಗ್ ಕಾಯ್ತಿದೆ’: ಚಾರ್ಜಿಂಗ್ ಬೋರ್ಡಿಗೆ ಪದ ಬೇಕಾಗಿದೆ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಕೂತಿದ್ದೆ, ಈಗ ನನಗೇ ಗರಜು ಬಿದ್ದಿದೆ. ಒಂದು ಬೋರ್ಡು ಬರೆಯಬೇಕು. ಹತ್ತೇ ಸಾಲು. ದಾವಣಗೆರೆಯಲ್ಲಿ ನನ್ನದು ಡಿಟಿಪಿ ಅಂಗಡಿ, ಮದುವೆ ಕಾರ್ಡಿನಿಂದ ಶಿವಗಣಾರಾಧನೆ ಕಾರ್ಡಿನವರೆಗೆ ಎಲ್ಲ ಬರೆದಿದ್ದೇನೆ, ಎಲ್ಲೂ ಹೀಗೆ ಸಿಕ್ಕಿಹಾಕಿಕೊಂಡಿರಲಿಲ್ಲ.

ನಮ್ಮ ಭಾವನದು ಭರಮಸಾಗರದ ಹತ್ತಿರ, ಹೈವೇ ಪಕ್ಕ ಹೋಟೆಲ್. ಬೆಂಗಳೂರಿಂದ ಹೊರಟವರು ಚಿತ್ರದುರ್ಗ ಮುಟ್ಟುವಷ್ಟರಲ್ಲಿ ಹತ್ತಿರಹತ್ತಿರ 200 ಕಿಲೋಮೀಟರ್ ಆಗಿರುತ್ತದೆ. ಎಲೆಕ್ಟ್ರಿಕ್ ಕಾರಿನವರಾದರೆ ಆಗ ಬೆಟ್ಟದ ಮೇಲಿನ ಗಾಳಿಯಂತ್ರ ನೋಡೋದಿಲ್ಲ, ಬ್ಯಾಟರಿ ಪರ್ಸೆಂಟ್ ನೋಡುತ್ತಿರುತ್ತಾರೆ. ಅಂಥವರಿಗೆ ಅಂತ ಭಾವ ಗೋಡೆಗೆ ಒಂದು ಟೈಪ್ ಟೂ, ಅಂದರೆ ಈಗಿನ ಎಲೆಕ್ಟ್ರಿಕ್ ಕಾರುಗಳಿಗೆ ಕೂರುವ ನಮೂನೆಯ, ಚಾರ್ಜರ್ ಹಾಕಿಸಿದರು, 7.4 ಕಿಲೋವ್ಯಾಟಿನದು. ಆಮೇಲೆ ಸ್ಕೂಟರಿನವರು ಬಂದು ‘ನಮಗೆ ತ್ರೀ ಪಿನ್ ಇಲ್ವಾ’ ಅಂತ ಕೇಳೋಕೆ ಶುರು ಮಾಡಿದರು. ಹೋಟೆಲಿನ ಪ್ಲಗ್ಗಿಗೆ ಹಾಕಿದರೆ ಯೂನಿಟ್ ಲೆಕ್ಕ ಸಿಗೋದಿಲ್ಲ, ಚಾರ್ಜರಿನಿಂದಾದರೆ ಸಿಗುತ್ತದೆ. ಅದಕ್ಕೆ ಆನ್‌ಲೈನಿನಲ್ಲಿ ಒಂದು ಅಡಾಪ್ಟರ್ ತರಿಸಿದರು. ಒಂದು ಕಡೆ ಚಾರ್ಜರಿನ ಗನ್ನು (ವೈರಿನ ತುದಿಯ ಹಿಡಿಕೆ) ಕೂರುತ್ತದೆ, ಇನ್ನೊಂದು ಕಡೆ ನಮ್ಮ ಮನೆಗಳಲ್ಲಿರುವ 16 ಆಂಪ್ಸ್ ತ್ರೀ ಪಿನ್ ಸಾಕೆಟ್. ಚಾರ್ಜರ್ ಕಂಪನಿದೂ ಅಲ್ಲ, ಗಾಡಿ ಕಂಪನಿದೂ ಅಲ್ಲ, ಹೊರಗಿಂದು. ಹೇಗೆ ಬಳಸಬೇಕು ಅಂತ ಡಬ್ಬದ ಮೇಲೆ ಒಂದಕ್ಷರ ಇಲ್ಲ. ಅದಕ್ಕೇ ಈ ಬೋರ್ಡು.

ಮೇ ತಿಂಗಳಲ್ಲಿ ಒಂದಿನ ಚಾರ್ಜರಿನ ಕೆಂಪು ದೀಪ ಹತ್ತಿದ್ದು ಆರಲೇ ಇಲ್ಲ. ಎಲ್ಲರ ಬಾಯಲ್ಲೂ ಒಂದೇ ಮಾತು: ‘ಡೂಪ್ಲಿಕೇಟ್ ಮಾಲು ತಂದ್ರೆ ಇಷ್ಟೇ.’ ಅಡಾಪ್ಟರ್ ತೆಗೆದು ನೇರ ಕಾರಿಗೆ ಗನ್ ಹಾಕಿ ನೋಡಿದರೂ ಅದೇ ಕೆಂಪು ದೀಪ. ಅಲ್ಲಿಗೆ ತಪ್ಪು ಅಡಾಪ್ಟರಿನದಲ್ಲ ಅಂತ ಆಯ್ತಲ್ಲ. ಎಲೆಕ್ಟ್ರಿಷಿಯನ್ ಬಂದ. ಒಂದು ಹೋಲ್ಡರು, 100 ವ್ಯಾಟಿನ ಬಲ್ಬು, ಎರಡು ವೈರು, ಅಷ್ಟೇ ಅವನ ಸಾಮಾನು. ಮೇನ್ ಬೋರ್ಡಿನ ಹತ್ತಿರ ಫೇಸಿಗೂ ನ್ಯೂಟ್ರಲ್ಲಿಗೂ ವೈರು ಮುಟ್ಟಿಸಿದ, ಬಲ್ಬು ಝಗ್ ಅಂತ ಹತ್ತಿತು. ನ್ಯೂಟ್ರಲ್ ಬಿಟ್ಟು ನೆಲಕ್ಕೆ ಹೋಗುವ ಅರ್ಥಿಂಗ್ ತಂತಿಗೆ ಮುಟ್ಟಿಸಿದ, ಬಲ್ಬಿನೊಳಗಿನ ಎಳೆ ಬರೀ ಕೆಂಪಗೆ ಕಂಡಿತು, ಬೆಳಕಿಲ್ಲ. ‘ಅಣ್ಣಾರೆ, ಅರ್ಥ ಬರ್ತಿಲ್ಲ’ ಅಂದ. ಪಕ್ಕದಲ್ಲಿ ನಿಂತಿದ್ದ ಭಾವನ ಮಗಳು, ಈ ಸಲ ಎಸ್ಸೆಸ್ಸೆಲ್ಸಿ, ‘ನನಗೂ ಅಷ್ಟೇ ಅಂಕಲ್’ ಅಂದಳು.

ಅರ್ಥಿಂಗ್ ಗುಂಡಿ ಒಣಗಿ ಹೋಗಿತ್ತು. ಅಲ್ಲಿ ನೆಲ ಕಲ್ಲು, ಎರೆ ಭೂಮಿಯ ಹಾಗೆ ಪಸೆ ಹಿಡಿದುಕೊಳ್ಳೋದಿಲ್ಲ. ಇದ್ದಿಲು ಉಪ್ಪು ಹಾಕಿ ಹೂತಿದ್ದ ಪೈಪಿಗೆ ನಾಲ್ಕು ಕೊಡ ನೀರು ಹೊಯ್ದ ಮೇಲೆ ದೀಪ ಹಸಿರಾಯಿತು. ಮಿಕ್ಸಿ, ಗ್ರೈಂಡರು ಇದ್ಯಾವುದನ್ನೂ ಕೇಳದೆ ತಿರುಗುತ್ತವೆ, ಗಾಡಿ ಚಾರ್ಜರುಗಳು ಹಾಗಲ್ಲ, ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಕರೆಂಟು ಹೋಗಿ ಜನರೇಟರ್ ಹಾಕಿದಾಗಲೂ ಇದೇ ರಗಳೆ. ಕೆಲವು ಜನರೇಟರಿನಲ್ಲಿ ನ್ಯೂಟ್ರಲ್ಲನ್ನು ನೆಲಕ್ಕೆ ಕಟ್ಟಿರೋದಿಲ್ಲ, ಫ್ಯಾನು ತಿರುಗುತ್ತಿರುತ್ತದೆ, ಚಾರ್ಜರ್ ಮಾತ್ರ ಒಲ್ಲೆ ಅನ್ನುತ್ತದೆ.

ಸರಿ, ನಾನು ‘ಕೆಂಪು ದೀಪ ಬಂದರೆ ಅರ್ಥ್ ಇಲ್ಲ’ ಅಂತ ಪ್ರಿಂಟ್ ತೆಗೆದು ಅಂಟಿಸಿ ಬಂದೆ. ಮಾರನೇ ದಿನ ಯಾರೋ ಅದರ ಕೆಳಗೆ ಪೆನ್ನಿನಲ್ಲಿ ‘ಜೀವನಕ್ಕೂ’ ಅಂತ ಸೇರಿಸಿ ಹೋಗಿದ್ದರು.

ಪಠ್ಯಪುಸ್ತಕದ ಪದ ‘ಭೂಸಂಪರ್ಕ’. ತಪ್ಪೇನಿಲ್ಲ. ಆದರೆ ‘ಭೂಸಂಪರ್ಕ ಕಡಿತ’ ಅಂತ ಹೈವೇ ಪಕ್ಕ ಬರೆದರೆ ಎಲ್ಲೋ ಗುಡ್ಡ ಕುಸಿದು ರಸ್ತೆ ಬಂದ್ ಆಗಿದೆ ಅಂದುಕೊಳ್ಳುತ್ತಾರೆ. ಕೆಲಸದವರ ಮಾತು ಕೇಳುತ್ತಾ ಹೋದಾಗ ನನಗೆ ಒಂದು ಹೊಳೆಯಿತು. ಅವರು ಫೇಸು, ನ್ಯೂಟ್ರಲ್ಲು ಅನ್ನುವ ಹಾಗೆ ‘ಅರ್ಥು’ ಅಂತಲೂ ಅನ್ನುತ್ತಾರೆ. ಮಾತಿನ ಅರ್ಥವಾದರೆ ಅರ್ಥಕ್ಕೆ, ಅರ್ಥದಲ್ಲಿ. ನೆಲದ ತಂತಿಯಾದರೆ ಅರ್ಥಿಗೆ, ಅರ್ಥಿನಲ್ಲಿ, ಬಸ್ಸಿಗೆ ಪ್ಲಗ್ಗಿಗೆ ಅಂದಂತೆ. ವಿಭಕ್ತಿ ಹಚ್ಚಿದ ಕೂಡಲೇ ಎರಡೂ ಬೇರೆಯಾಗಿ ನಿಲ್ಲುತ್ತವೆ. ಆಡುವವರಿಗೆ ತೊಂದರೆಯೇ ಇಲ್ಲ, ತೊಂದರೆ ಬರುವುದು ನನ್ನಂಥವನು ‘ಅರ್ಥ್’ ಅಂತ ಬೋಳಾಗಿ ಬರೆದಾಗ, ತುದಿಯ ಅರ್ಧಾಕ್ಷರ ಓದುವವರ ಕಣ್ಣಿಗೆ ಬೀಳದಾಗ. ನಮ್ಮ ಕಡೆ ಮಹಾಪ್ರಾಣ ನಾಲಿಗೆಗೆ ಹತ್ತೋದು ಕಡಿಮೆ, ‘ಅರ್ತು’ ಅನ್ನೋರೇ ಜಾಸ್ತಿ. ಹಾಗೇ ಬರೆದುಬಿಡಲಾ? ‘ಅರಿತು’ ಅಂತ ಓದಿಕೊಂಡಾರು ಅನ್ನೋದು ಒಂದು ಅನುಮಾನ.

ಇನ್ನೊಂದು ಸಾಲು ಇದಕ್ಕಿಂತ ಅಪಾಯದ್ದು. ಈ ಅಡಾಪ್ಟರಿನ ನಿಜವಾದ ಸಮಸ್ಯೆ ಬಿಸಿ. ಸ್ಕೂಟರು ಎಳೆಯುವ ಕರೆಂಟು ಕಡಿಮೆ, ಅದಕ್ಕೆ ಏನೂ ಆಗೋದಿಲ್ಲ. ಟೈಪ್ ಟೂ ಕೂರದ ಹಳೇ ಕಾರೊಂದು ಬಂದು, ಅದರ ತ್ರೀ ಪಿನ್ ಚಾರ್ಜರನ್ನು ಇದಕ್ಕೆ ಸಿಕ್ಕಿಸಿ ಮೂರು ಗಂಟೆ ಬಿಟ್ಟರು. ಹೆಚ್ಚುಕಮ್ಮಿ 15 ಆಂಪ್ಸ್ ಒಂದೇ ಸಮ ಹರಿದಿದೆ, ಸಾಕೆಟ್ಟಿನೊಳಗಿನ ಹಿತ್ತಾಳೆ ಪಟ್ಟಿ ಬೇರೆ ಬಿಗಿ ಬಿಟ್ಟಿತ್ತು. ನಾನು ನೋಡುವಾಗ ಪಿನ್ನಿನ ಬುಡ ಕಪ್ಪಾಗಿ, ಸುತ್ತಲಿನ ಪ್ಲಾಸ್ಟಿಕ್ ಹಪ್ಪಳದ ಹಾಗೆ ಉಬ್ಬಿತ್ತು. ಅದಕ್ಕೆ ಬರೆದೆ: ‘ಪ್ಲಗ್ ಕಾಯುತ್ತಿದ್ದರೆ ತಕ್ಷಣ ತೆಗೆಯಿರಿ.’ ಅಂಗಡಿಗೆ ಬಂದ ಮೇಷ್ಟ್ರೊಬ್ಬರು ಓದಿ, ‘ಯಾರನ್ನಪ್ಪಾ ಕಾಯೋದು?’ ಅಂದರು.

ನಗುವ ಮಾತಲ್ಲ, ಯಾಕೆಂದರೆ ಅದರ ಕೆಳಗೆ ಇನ್ನೊಂದು ಸಾಲಿತ್ತು. ಕಾರಿನಲ್ಲಿ ರಾತ್ರಿ ಹೊತ್ತಿಗೆ ಚಾರ್ಜ್ ಶುರುವಾಗಲಿ ಅಂತ ಟೈಮರ್ ಇಟ್ಟಿರುತ್ತಾರೆ, ಮರೆತಿರುತ್ತಾರೆ. ಗನ್ ಹಾಕಿದರೆ ಚಾರ್ಜರ್ ಸುಮ್ಮನೆ ನಿಂತಿರುತ್ತದೆ. ಅದಕ್ಕೆ ‘ಚಾರ್ಜರ್ ಕಾಯುತ್ತಿದ್ದರೆ ಗಾಬರಿ ಬೇಡ, ಕಾರಿನ ಟೈಮರ್ ನೋಡಿ’ ಅಂತ ಬರೆದಿದ್ದೆ. ಒಂದೇ ಕ್ರಿಯಾಪದ, ಒಂದು ಕಡೆ ತೆಗಿ ಅಂತಿದ್ದೇನೆ, ಒಂದು ಕಡೆ ಗಾಬರಿ ಬೇಡ ಅಂತಿದ್ದೇನೆ. ಹಾಲು ಕಾಯುತ್ತದೆ, ಬಸ್ಸಿಗೆ ಕಾಯುತ್ತೇವೆ, ಹೊಲ ಕಾಯುತ್ತೇವೆ. ಮಾತಿನಲ್ಲಿ ‘ಬಸ್ಸಿಗೆ’, ‘ಹೊಲ’ ಅನ್ನೋದು ಮುಂದೆ ಇರುವುದರಿಂದ ಗೊತ್ತಾಗುತ್ತದೆ, ಬೋರ್ಡಿನಲ್ಲಿ ಜಾಗ ಇಲ್ಲ ಅಂತ ಅದನ್ನೇ ಕಿತ್ತಿರುತ್ತೇವೆ. ‘ಬಿಸಿಯಾದರೆ’ ಅಂತ ಬದಲಿಸಿದೆ, ಅದೂ ಸಾಲದು, ಸ್ವಲ್ಪ ಬೆಚ್ಚಗಾಗೋದು ಮಾಮೂಲು. ಈಗ ಹೀಗಿದೆ: ‘ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲಾಗದಷ್ಟು ಬಿಸಿಯಾದರೆ ಮೊದಲು ಚಾರ್ಜರ್ ನಿಲ್ಲಿಸಿ, ಆಮೇಲೆ ಕೀಳಿ.’ ಉದ್ದ ಆಯ್ತು, ಆದರೆ ತಪ್ಪು ತಿಳಿಯೋಕೆ ಜಾಗ ಇಲ್ಲ.

ಇನ್ನು ಆ ವಸ್ತುವಿನ ಹೆಸರು. ಅಡಾಪ್ಟರ್ ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ, ನಿಜ, ಆದರೆ ಮೊಬೈಲಿನ ತಲೆಗೂ ಅಡಾಪ್ಟರ್, ಇದಕ್ಕೂ ಅಡಾಪ್ಟರ್. ‘ಥರ್ಡ್ ಪಾರ್ಟಿ’ ಅನ್ನೋದನ್ನಂತೂ ಮುಟ್ಟೋದೇ ಇಲ್ಲ, ತೃತೀಯ ಪಕ್ಷ ಅಂತ ಬರೆದರೆ ಎಲೆಕ್ಷನ್ ಬೋರ್ಡಾಗುತ್ತದೆ. ‘ಹೊರಗಿಂದು’ ಸಾಕು. ಅಡಾಪ್ಟರಿಗೆ ‘ಕೊಂಡಿ’ ಅಂತ ಇಡೋಣ ಅಂದುಕೊಂಡೆ. ಭಾವ ಬೇಡ ಅಂದರು. ‘ಕೊಂಡಿ ಅಲ್ಲ ಮಾರಾಯ, ಇದು ದಲ್ಲಾಳಿ.’ ಅವರಿಗೆ ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳ ಮಾರಿದ ಅನುಭವ ಜಾಸ್ತಿ ಇದೆ.

ತಮಾಷೆಗೆ ಹೇಳಿದ್ದಾದರೂ ಅದರಲ್ಲಿ ನಿಜ ಇದೆ. ಟೈಪ್ ಟೂ ಗನ್ನಿನಲ್ಲಿ ಏಳು ಪಿನ್ನು. ಅದರಲ್ಲಿ ಪೈಲಟ್ ಅನ್ನೋ ಒಂದರ ಮೇಲೆ ಚಾರ್ಜರು ಕಾರಿನ ಜೊತೆ ಮಾತಾಡುತ್ತದೆ. ಯಾರೂ ಇಲ್ಲದಾಗ ಅದರಲ್ಲಿ 12 ವೋಲ್ಟ್. ಕಾರು ಬಂದು ಕೂತರೆ 9ಕ್ಕೆ ಇಳಿಸುತ್ತದೆ, ‘ಕೊಡು’ ಅನ್ನಬೇಕಾದರೆ 6ಕ್ಕೆ. ಆಗಲೇ ಚಾರ್ಜರು ಒಳಗಿನ ಸ್ವಿಚ್ಚು ಹಾಕೋದು. ತ್ರೀ ಪಿನ್ನಿನಲ್ಲಿ ಪೈಲಟ್ ಎಲ್ಲಿಂದ ಬರಬೇಕು? ಅದಕ್ಕೆ ಅಡಾಪ್ಟರಿನೊಳಗೆ ಒಂದು ಡಯೋಡು, ಒಂದೆರಡು ರೆಸಿಸ್ಟರು ಕೂರಿಸಿ ತಾನೇ 6ಕ್ಕೆ ಇಳಿಸುತ್ತದೆ. ಕಾರು ಬಂದಿಲ್ಲ, ಬಂದಿದೆ ಅಂತ ಸುಳ್ಳು. ಚಾರ್ಜರು ಅದೇ ಪಿನ್ನಿನಲ್ಲಿ ಸೆಕೆಂಡಿಗೆ 1000 ಸಲ ಮಿಡಿದು, ಆ ಮಿಡಿತದ ಅಗಲದಲ್ಲಿ ‘ಇಷ್ಟು ಆಂಪ್ಸ್ ತಗೋಬಹುದು’ ಅಂತಲೂ ಹೇಳುತ್ತಿರುತ್ತದೆ. ಕಾರು ಕೇಳಿಸಿಕೊಳ್ಳುತ್ತದೆ. ಈ ಅಡಾಪ್ಟರು ಕೇಳಿಸಿಕೊಳ್ಳೋದಿಲ್ಲ. 32 ಆಂಪ್ಸ್ ಬಿಡುವ ಚಾರ್ಜರಿಗೆ 16ರ ಸಾಕೆಟ್ ಕಟ್ಟಿ ಎರಡು ಕಡೆಯೂ ಹೂಂ ಅಂದು ನಡುವೆ ನಿಂತಿರುತ್ತದೆ, ದಲ್ಲಾಳಿ ಅಲ್ಲದೆ ಇನ್ನೇನು. ಈಗ ಭಾವ ಚಾರ್ಜರಿನಲ್ಲೇ ಮಿತಿಯನ್ನು ಇಳಿಸಿ ಇಟ್ಟಿದ್ದಾರೆ, ಅದಕ್ಕಿಂತ ಹೆಚ್ಚು ಎಳೆದರೆ ಚಾರ್ಜರೇ ನಿಲ್ಲಿಸಲಿ ಅಂತ.

ಆದರೆ ಎಲ್ಲ ಅಡಾಪ್ಟರೂ ಹೀಗಲ್ಲ. ಟೈಪ್ ಟೂನಿಂದ ಟೈಪ್ ಒನ್ ಅನ್ನೋ ಇನ್ನೊಂದು ನಮೂನೆಯ ಪ್ಲಗ್ಗಿಗೆ ಹೋಗೋದು ಬರೀ ಪಿನ್ನಿಗೆ ಪಿನ್ನು ಮುಟ್ಟಿಸುತ್ತದೆ, ಒಳಗೆ ಬುದ್ಧಿ ಇಲ್ಲ. ಅದು ಕೊಂಡಿಯೇ. ಫಾಸ್ಟ್ ಚಾರ್ಜಿಂಗಿನಲ್ಲಿ ಚಾಡೆಮೊ, ಸಿಸಿಎಸ್ ಅಂತ ಎರಡು ಪದ್ಧತಿ ಇವೆ. ಹೊರದೇಶದಲ್ಲಿ ಚಾಡೆಮೊ ಕಾರನ್ನು ಸಿಸಿಎಸ್ ಚಾರ್ಜರಿಗೆ ಹಚ್ಚುವ ಅಡಾಪ್ಟರ್ ಮಾರುತ್ತಾರೆ, ಅವೆರಡೂ ಆಡುವ ಭಾಷೆಯೇ ಬೇರೆ, ಹಾಗಾಗಿ ನಡುವೆ ಪೂರ್ತಿ ಒಂದು ಸಣ್ಣ ಕಂಪ್ಯೂಟರೇ ಕೂತಿರುತ್ತದೆ. ಅದನ್ನು ದುಭಾಷಿ ಅನ್ನಬಹುದಲ್ವಾ? ರಿಪೇರಿಯೂ ಹಾಗೇ ಬೇರೆಬೇರೆ. ಕೊಂಡಿ ಕೆಟ್ಟರೆ ಪಿನ್ನು ನೋಡಬೇಕು, ದುಭಾಷಿ ಕೆಟ್ಟರೆ ಸಾಫ್ಟ್‌ವೇರ್ ಹೊಸದು ಹಾಕಬೇಕು, ದಲ್ಲಾಳಿ ಕೆಡೋ ತನಕ ಕಾಯಬಾರದು (ಇಲ್ಲಿ ಕಾಯೋದು ಎರಡೂ ಅರ್ಥದಲ್ಲಿ). ಒಂದು ಇಂಗ್ಲಿಷ್ ಪದಕ್ಕೆ ಒಂದೇ ಕನ್ನಡ ಪದ ಹುಡುಕುತ್ತಾ ಕೂತಿದ್ದಕ್ಕೇ ನನಗೆ ಸಿಗಲಿಲ್ಲ ಅನ್ನಿಸುತ್ತಿದೆ, ನೀವು ಬೇರೆ ಹೇಳುತ್ತೀರೋ ಏನೋ.

ತೊಂದರೆ ಹೇಳೋಕೆ ಮಾತ್ರ ಜನರ ಹತ್ತಿರ ಪದಗಳು ಮೊದಲೇ ಇವೆ. ‘ಗನ್ ಕೂತಿಲ್ಲ’ ಅಂದರೆ ಪಿನ್ನು ಪೂರ್ತಿ ಒಳಗೆ ಹೋಗಿಲ್ಲ. ‘ಹಿಡೀತಿಲ್ಲ’ ಅಂದರೆ ಹೋಗಿದೆ, ಲಾಕ್ ಬಿದ್ದಿಲ್ಲ. ‘ತಗೊಂತಿಲ್ಲ’ ಅಂದರೆ ಲಾಕ್ ಬಿದ್ದಿದೆ, ಕರೆಂಟು ಏರುತ್ತಿಲ್ಲ. ‘ಬಿಡ್ತಿಲ್ಲ’ ಅಂದರೆ ಚಾರ್ಜ್ ಮುಗಿದಿದೆ, ಗನ್ ಹೊರಗೆ ಬರುತ್ತಿಲ್ಲ, ಕಾರಿನ ಲಾಕ್ ತೆಗೆದು ನೋಡಬೇಕು. ಇವನ್ನು ಹಾಗೇ ಬೋರ್ಡಿಗೆ ಏರಿಸಿದ್ದೇನೆ, ತಿದ್ದೋಕೆ ಹೋಗಿಲ್ಲ.

ನನಗೆ ಬೇಕಿರೋದು: ಅರ್ಥು, ಅರ್ತು, ಭೂಸಂಪರ್ಕ, ಇವುಗಳಲ್ಲಿ ನಿಮ್ಮ ಊರಿನ ಎಲೆಕ್ಟ್ರಿಷಿಯನ್ ಬಾಯಲ್ಲಿ ಯಾವುದಿದೆ? ಮಂಗಳೂರು, ಕಲಬುರಗಿ ಕಡೆಯವರು ಬೇರೆ ಏನಾದರೂ ಅನ್ನುತ್ತಾರಾ? ಬೋರ್ಡಿನಲ್ಲಿ ‘ದಲ್ಲಾಳಿ’ ಅಂತ ಹಾಕಿದರೆ ಓದಿದವರಿಗೆ ತಿಳಿಯುತ್ತದಾ, ಇಲ್ಲಾ ಅದು ನಾವು ನಾವೇ ನಗೋ ಮಾತಾಗಿ ಉಳಿಯುತ್ತದಾ? ಸೋಮವಾರ ಲ್ಯಾಮಿನೇಷನ್‌ಗೆ ಕೊಡಬೇಕು, ಅದಕ್ಕೆ ಮುಂಚೆ ಹೇಳಿದರೆ ಒಳ್ಳೇದು. ಪೆನ್ನಿನಲ್ಲಿ ಬರೆಯೋಕೆ ಬರದಂಥ ಹಾಳೆ ಈ ಸಲ.