ಆರ್‌ಡಿ 350: ಕಾರ್ಬುರೇಟರ್ ಸಿಂಕ್ ಮಾಡಿಸಿದ ಎರಡೇ ವಾರಕ್ಕೆ ಮತ್ತೆ ಮಿಸ್ಸಿಂಗ್, ಏನು ಮಾಡಲಿ?

ಮೂರ್ನಾಡು ತೋಟದ ಹುಡುಗಿ:
ಎಲ್ಲರಿಗೂ ನಮಸ್ಕಾರ. ಅಪ್ಪನ ರಾಜ್‌ದೂತ್ 350, ಅಂದರೆ ಆರ್‌ಡಿ 350 ಬೈಕ್, ಎಲ್‌ಟಿ (ಲೋ ಟಾರ್ಕ್) ಮಾಡೆಲ್. ಎರಡು ಸಿಲಿಂಡರ್, ಎರಡು ಕಾರ್ಬುರೇಟರ್. ಕಾಫಿ ಗೋದಾಮಿನ ಮೂಲೆಯಲ್ಲಿ ಬಹಳ ಕಾಲ ನಿಂತಿತ್ತು. ಕಳೆದ ವರ್ಷ ನಾನೇ ಕೈಗೆತ್ತಿಕೊಂಡು ಓಡಿಸುತ್ತಿದ್ದೇನೆ. ತೊಂದರೆ ಇದು: ಐಡಲ್‌ನಲ್ಲಿ ಒಂದೇ ಸಮ ನಿಲ್ಲುವುದಿಲ್ಲ. ಬಲಗಡೆ ಸಿಲಿಂಡರ್ ಮಿಸ್ ಹೊಡೆಯುತ್ತದೆ. ಎಡಗಡೆ ಪ್ಲಗ್ ಒಳ್ಳೆ ಕಾಫಿ ಬಣ್ಣಕ್ಕಿದೆ, ಬಲಗಡೆಯದು ಕಪ್ಪು ಮಸಿ. ಬೆಳಿಗ್ಗೆ ಸ್ಟಾರ್ಟ್ ಮಾಡಿ ಎರಡು ನಿಮಿಷ ಬಿಟ್ಟು ಎರಡೂ ಸೈಲೆನ್ಸರ್ ಪೈಪಿನ ಬುಡಕ್ಕೆ ಬೆರಳಲ್ಲಿ ನೀರು ಚಿಮುಕಿಸಿದೆ. ಎಡಗಡೆ ಚುಯ್ ಎಂದು ಕ್ಷಣದಲ್ಲಿ ಆರಿತು. ಬಲಗಡೆ ಹನಿ ಹಾಗೇ ಕೆಳಗೆ ಜಾರಿತು. ಮೆಕ್ಯಾನಿಕ್ ಹತ್ತಿರ ಮೂರು ಸಲ ಸಿಂಕ್ ಮಾಡಿಸಿದೆ, ಅಂದರೆ ಎರಡೂ ಕಾರ್ಬುರೇಟರ್ ಒಂದೇ ಸಮ ಕೆಲಸ ಮಾಡುವ ಹಾಗೆ ಹೊಂದಿಸಿದ್ದು. ಪ್ರತಿ ಸಲ ಇನ್ನೂರು, ಮುನ್ನೂರು ಕಿಲೋಮೀಟರ್ ಚೆನ್ನಾಗಿ ಓಡುತ್ತದೆ, ಆಮೇಲೆ ಅದೇ ಕಥೆ. ವ್ಯಾಕ್ಯೂಮ್ ಗೇಜ್ (ಕಾರ್ಬುರೇಟರ್ ಕಡೆಯ ಎಳೆತ ಅಳೆಯುವುದು) ತರಿಸಿಕೊಂಡು ನಾನೇ ಮಾಡಲಾ?

ಕುಶಾಲನಗರ ನಾಲ್ಕು ಸಿಲಿಂಡರ್:
ಗೇಜ್ ತರಿಸಿ, ಅದರಲ್ಲಿ ಎರಡು ಮಾತಿಲ್ಲ. ನನ್ನ ಹಳೇ ಹೋಂಡಾಕ್ಕೆ ನಾಲ್ಕು ಕಾರ್ಬುರೇಟರ್. ಕಿವಿಯಲ್ಲಿ ಕೇಳಿ ಸೆಟ್ ಮಾಡುವುದೆಲ್ಲ ಅಂದಾಜು. ಪಾದರಸದ ಗೇಜ್ ಹಾಕಿದ ದಿನವೇ ಗಾಡಿ ನಯವಾಯಿತು. ಅಳತೆ ಇಲ್ಲದ ಕೆಲಸ ಎರಡು ವಾರಕ್ಕಿಂತ ಜಾಸ್ತಿ ನಿಲ್ಲುವುದಿಲ್ಲ.

ಗೋಣಿಕೊಪ್ಪ ಸ್ಪ್ಯಾನರ್:
ಅಣ್ಣ, ನಿಮ್ಮದು ಫೋರ್ ಸ್ಟ್ರೋಕ್. ಅಲ್ಲಿ ಆ ವಿಧಾನ ಸರಿ. ಆರ್‌ಡಿ ಟೂ ಸ್ಟ್ರೋಕ್, ಗಾಳಿ, ಪೆಟ್ರೋಲನ್ನು ಕ್ರ್ಯಾಂಕ್‌ಕೇಸ್ ಎಳೆಯುತ್ತದೆ, ನಡುವೆ ರೀಡ್ ವಾಲ್ವ್ (ಒಂದೇ ಕಡೆಗೆ ತೆರೆಯುವ ತೆಳು ಪಟ್ಟಿ) ಇದೆ. ಇದರಲ್ಲಿ ಗೇಜ್ ನೋಡಿ ಸಿಂಕ್ ಮಾಡುವ ಪದ್ಧತಿಯೇ ಇಲ್ಲ. ಮಿಕುನಿ ವಿಎಂ ಕಾರ್ಬುರೇಟರ್‌ನಲ್ಲಿ ಕೇಬಲ್ ನೇರ ಸ್ಲೈಡ್ (ಗಾಳಿಯ ದಾರಿ ತೆರೆದು ಮುಚ್ಚುವ ಬಾಗಿಲು) ಎತ್ತುತ್ತದೆ. ಎರಡು ಸ್ಲೈಡೂ ಒಂದೇ ಎತ್ತರದಲ್ಲಿ ಕೂರಬೇಕು, ಒಂದೇ ಕ್ಷಣಕ್ಕೆ ಏಳಬೇಕು. ಕಣ್ಣು, ಬೆರಳು, ಒಂದೇ ಅಳತೆಯ ಎರಡು ಡ್ರಿಲ್ ಬಿಟ್ ಸಾಕು.

ನಮ್ಮ ಕಡೆ ಇನ್ನೊಂದು ವಿಷಯ ಇದೆ. ಇಲ್ಲಿನ ಹಳಬರು ಕೈ ಪಳಗಿಸಿಕೊಂಡಿದ್ದು ಮೈಸೂರಿನ ಯೆಜ್ಡಿ ಮೇಲೆ. ಯೆಜ್ಡಿ 250ಗೆ ಎರಡು ಸೈಲೆನ್ಸರ್ ಇದ್ದರೂ ಸಿಲಿಂಡರ್ ಒಂದೇ, ಕಾರ್ಬುರೇಟರ್ ಒಂದೇ. ಸದ್ದು ಕೇಳಿ ಐಡಲ್ ಸ್ಕ್ರೂ ತಿರುಗಿಸಿದರೆ ಮುಗಿಯಿತು. ಆರ್‌ಡಿಗೆ ಅದೇ ಕೈ ಓಡಿಸಿದರೆ, ಸೋತ ಸಿಲಿಂಡರಿನ ಸ್ಲೈಡನ್ನು ಎತ್ತಿ ಸದ್ದು ಸಮ ಮಾಡಿಬಿಡುತ್ತಾರೆ. ರೋಗ ಒಳಗೇ ಉಳಿಯುತ್ತದೆ.

ಸುಳ್ಯದ ಘಾಟಿ ಸವಾರ:
ಎತ್ತರದ ವಿಷಯ ಯಾರೂ ಹೇಳುತ್ತಿಲ್ಲ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಗಾಳಿ ಹತ್ತರಲ್ಲಿ ಒಂದು ಪಾಲಿನಷ್ಟು ತೆಳು. ಮಂಗಳೂರಿನಲ್ಲಿ ಸೆಟ್ ಮಾಡಿದ ಗಾಡಿ ಸಂಪಾಜೆ ಹತ್ತಿ ಬಂದರೆ ಪೆಟ್ರೋಲ್ ಜಾಸ್ತಿಯಾಗಿ ಪ್ಲಗ್ ಕಪ್ಪಾಗುವುದು ಸಹಜ. ಜೊತೆಗೆ ಈಗ ಬರುವುದು 20% ಎಥನಾಲ್ ಪೆಟ್ರೋಲ್.

ಗೋಣಿಕೊಪ್ಪ ಸ್ಪ್ಯಾನರ್:
ಎತ್ತರ ಇರಲಿ, ಪೆಟ್ರೋಲ್ ಇರಲಿ, ಎರಡು ಸಿಲಿಂಡರಿಗೂ ಅದೇ ಅಲ್ವಾ? ಒಂದೇ ಪ್ಲಗ್ ಕಪ್ಪಾಗಿದ್ದರೆ ಕಾರಣವೂ ಆ ಒಂದೇ ಕಡೆ ಇರಬೇಕು. ಎಥನಾಲಿನ ಬಗ್ಗೆ ನನಗೂ ಚಿಂತೆ ಇದೆ, ಆದರೆ ಅದು ಬೇರೆ ಥರ. ನಮ್ಮ ಮಳೆಗಾಲದ ತಂಡಿಯಲ್ಲಿ ಅದು ನೀರು ಹೀರುತ್ತದೆ. ಮೂರು ತಿಂಗಳು ನಿಂತ ಗಾಡಿಯ ಫ್ಲೋಟ್ ಬೌಲ್ (ಕಾರ್ಬುರೇಟರಿನ ಪೆಟ್ರೋಲ್ ಬಟ್ಟಲು) ಬಿಚ್ಚಿದರೆ ಬಿಳಿ ಪುಡಿ. ಅದು ಒಂದು ಕಡೆಯ ಪೈಲಟ್ ಜೆಟ್ (ಐಡಲ್‌ಗೆ ಪೆಟ್ರೋಲ್ ಬಿಡುವ ಸಣ್ಣ ತೂತು) ಕಟ್ಟಿದರೆ ಆ ಕಡೆ ಪೆಟ್ರೋಲ್ ಕಡಿಮೆಯಾಗುತ್ತದೆ, ಪ್ಲಗ್ ಬೆಳ್ಳಗಾಗುತ್ತದೆ. ಇವರದ್ದು ಕಪ್ಪು.

ಸಿದ್ದಾಪುರ ಹಳೇ ಕೈ:
ತಂಗಿ, ಇದೇ ಗಾಡಿಯನ್ನು ಮೂವತ್ತು ವರ್ಷದಿಂದ ಇಟ್ಟುಕೊಂಡವನು ಹೇಳುತ್ತಿದ್ದೇನೆ. ಕಾರ್ಬುರೇಟರ್ ಮುಟ್ಟಬೇಡ. ಮೊದಲು ಎಡಗಡೆ ಮ್ಯಾಗ್ನೆಟ್ ಕವರ್ ಬಿಚ್ಚು. ಒಳಗೆ ಎರಡು ಸಿ.ಬಿ. ಪಾಯಿಂಟ್ (ತೆರೆದಾಗ ಪ್ಲಗ್ಗಿಗೆ ಕಿಡಿ ಕೊಡಿಸುವ ಸ್ವಿಚ್) ಇವೆ, ಎಡ ಸಿಲಿಂಡರಿಗೆ ಒಂದು, ಬಲಕ್ಕೆ ಒಂದು. ಫೀಲರ್ ಗೇಜ್ (ಸಂದು ಅಳೆಯುವ ತೆಳು ಬ್ಲೇಡುಗಳು) ಹಾಕಿ ಎರಡರ ಗ್ಯಾಪ್ ನೋಡು. 0.3ರಿಂದ 0.4 ಮಿ.ಮೀ. ಇರಬೇಕು. ಗ್ಯಾಪ್ ಕಡಿಮೆಯಾದರೆ ಪಾಯಿಂಟ್ ತಡವಾಗಿ ತೆರೆಯುತ್ತದೆ, ಟೈಮಿಂಗ್, ಅಂದರೆ ಕಿಡಿ ಹಾರುವ ಗಳಿಗೆ, ಹಿಂದೆ ಬೀಳುತ್ತದೆ, ಪಾಯಿಂಟ್ ಮುಖ ಸುಡುತ್ತದೆ, ಕಿಡಿ ಸೋಲುತ್ತದೆ. ಆಮೇಲೆ ಯಾರು ಎಷ್ಟು ಸಿಂಕ್ ಮಾಡಿದರೂ ನಿಲ್ಲಲ್ಲ.

ವಿರಾಜಪೇಟೆ ಟೂ ಸ್ಟ್ರೋಕ್:
ಪಾಯಿಂಟ್ ನೋಡಲಿ, ಬೇಡ ಎನ್ನುವುದಿಲ್ಲ. ಆದರೆ ಕ್ರ್ಯಾಂಕ್ ಸೀಲ್ (ಕ್ರ್ಯಾಂಕ್‌ನ ಎರಡು ತುದಿಯ ರಬ್ಬರ್ ಮುಚ್ಚಳ) ಮರೆತರೆ ಇಂಜಿನ್ನೇ ಹೋಗುತ್ತದೆ. ಎಡಗಡೆ ಸೀಲ್ ಸೋತರೆ ಹೊರಗಿನ ಗಾಳಿ ಎಳೆಯುತ್ತದೆ. ಬಲಗಡೆ ಕ್ಲಚ್ ಇದೆ, ಅಲ್ಲಿನ ಸೀಲ್ ಸೋತರೆ ಗೇರ್ ಆಯಿಲ್ ಎಳೆದು ಪ್ಲಗ್ ಕಪ್ಪಾಗುತ್ತದೆ, ಬಿಳಿ ಹೊಗೆ ದಟ್ಟವಾಗಿ ಬರುತ್ತದೆ. ಇವರ ಬಲಗಡೆ ಪ್ಲಗ್ಗೇ ಕಪ್ಪು, ಗಮನಿಸಿ. ಇಷ್ಟು ವರ್ಷ ನಿಂತ ಗಾಡಿಯ ರಬ್ಬರ್ ಒಣಗಿ ಕಲ್ಲಾಗಿರುತ್ತದೆ. ನನ್ನ ಗಾಡಿಯ ಎಡ ಪಿಸ್ಟನ್ ಸಂಪಾಜೆ ಘಾಟಿಯಲ್ಲೇ ಜಾಮ್ ಆಯಿತು. ಹಿಂದಿನ ಚಕ್ರ ಲಾಕ್ ಆಗಿ ಎಳೆದ ಕಪ್ಪು ಗೆರೆ ಇನ್ನೂ ಕಣ್ಣ ಮುಂದೆ ಇದೆ. ಅವತ್ತೂ ಸಿಂಕ್ ಸರಿ ಇಲ್ಲ ಎಂದೇ ಎಲ್ಲರೂ ಹೇಳಿದ್ದರು.

ಸಿದ್ದಾಪುರ ಹಳೇ ಕೈ:
ಬಲಗಡೆ ಸೀಲ್ ಹೋಗಿದ್ದರೆ ಗೇರ್ ಆಯಿಲ್ ಕಡಿಮೆಯಾಗುತ್ತಿರಬೇಕು. ಪ್ಲಗ್ಗಿನ ಮಸಿ ಒದ್ದೆ ಜಿಡ್ಡಾಗಿರಬೇಕು. ಒಣ ಮಸಿಯೋ, ಒದ್ದೆ ಮಸಿಯೋ, ಆ ಹುಡುಗಿ ಹೇಳಲಿ.

ಮೂರ್ನಾಡು ತೋಟದ ಹುಡುಗಿ:
ಒಣ ಮಸಿ ಅಂಕಲ್. ಕೈಗೆ ಪುಡಿಯಾಗಿ ಅಂಟುತ್ತದೆ. ಗೇರ್ ಆಯಿಲ್ ಅಳತೆ ಇಳಿದಿಲ್ಲ.

ಗೋಣಿಕೊಪ್ಪ ಸ್ಪ್ಯಾನರ್:
ಹಾಗಾದರೆ ಈ ಭಾನುವಾರ ಒಂದು ಕೆಲಸ ಮಾಡಿ. ಈಗ ಸ್ಲೈಡ್ ಎಲ್ಲಿ ಕೂತಿವೆ ಎಂದು ನೋಡಿ. ಇಂಜಿನ್ ಆಫ್ ಇರಲಿ. ಕಾರ್ಬುರೇಟರ್ ಹಿಂದಿನ ಫಿಲ್ಟರ್ ರಬ್ಬರ್ ಬಿಚ್ಚಿ, 2 ಮಿ.ಮೀ. ಡ್ರಿಲ್ ಬಿಟ್ಟಿನ ನುಣುಪು ತುದಿಯನ್ನು ಸ್ಲೈಡ್ ಕೆಳಗೆ ತೂರಿಸಿ. ಎರಡೂ ಕಡೆ ಒಂದೇ ಹಿಡಿತ ಸಿಗುತ್ತದಾ ನೋಡಿ, ಬರೆದುಕೊಳ್ಳಿ. ಆಮೇಲೆ ಪಾಯಿಂಟ್. ಫಿಲ್ಟರ್ ಇಲ್ಲದೆ ಮಾತ್ರ ಇಂಜಿನ್ ಓಡಿಸಬೇಡಿ, ಗಾಳಿ ಜಾಸ್ತಿಯಾಗುತ್ತದೆ.

ಮೂರ್ನಾಡು ತೋಟದ ಹುಡುಗಿ:
ಇವತ್ತು ಮಾಡಿದೆ. ಬಲಗಡೆ ಡ್ರಿಲ್ ಬಿಟ್ ಸಲೀಸಾಗಿ ಹೋಗಿ ಅಲ್ಲಾಡುತ್ತಿತ್ತು. ಎಡಗಡೆ ತುದಿಯೇ ತೂರಲಿಲ್ಲ. ಅಂದರೆ ಬಲಗಡೆ ಸ್ಲೈಡ್ ತುಂಬ ಮೇಲೆ ಇದೆ. ಮ್ಯಾಗ್ನೆಟ್ ಕವರ್ ಬಿಚ್ಚಿದೆ. ಎಡಗಡೆ ಪಾಯಿಂಟ್ 0.35. ಬಲಗಡೆ 0.15 ಬ್ಲೇಡೇ ಬಿಗಿ! ಪಾಯಿಂಟ್ ಮುಖ ನೀಲಿ ತಿರುಗಿ ಗುಳಿ ಬಿದ್ದಿದೆ. ಕ್ಯಾಮ್ ಒರೆಸುವ ಫೆಲ್ಟ್ ತುಂಡು ಒಣಗಿ ರಟ್ಟಿನ ಹಾಗಾಗಿದೆ. ಕ್ಯಾಮ್ ಮೇಲೆ ಕಂದು ಪುಡಿ.

ಸಿದ್ದಾಪುರ ಹಳೇ ಕೈ:
ಸಿಕ್ಕಿತು. ಆ ಕಂದು ಪುಡಿ ಪಾಯಿಂಟಿನ ಹಿಮ್ಮಡಿ, ಅಂದರೆ ಕ್ಯಾಮ್‌ಗೆ ತಾಗುವ ತುಂಡು, ಸವೆದ ಪುಡಿ. ಫೆಲ್ಟ್‌ನಲ್ಲಿ ಗ್ರೀಸ್ ಇಲ್ಲದೆ ಹಿಮ್ಮಡಿ ಕ್ಯಾಮ್ ಮೇಲೆ ಉಜ್ಜಿ ಸವೆಯುತ್ತಿದೆ. ಸವೆದಷ್ಟೂ ಗ್ಯಾಪ್ ಮುಚ್ಚುತ್ತದೆ. ಇನ್ನೂರು, ಮುನ್ನೂರು ಕಿಲೋಮೀಟರಿಗೆ ಕೆಡುತ್ತಿದ್ದುದು ಸಿಂಕ್ ಅಲ್ಲ, ಇದು. ಹೊಸ ಪಾಯಿಂಟ್, ಹೊಸ ಕಂಡೆನ್ಸರ್ ಹಾಕು. ಫೆಲ್ಟ್‌ಗೆ ಒಂದು ಕಾಳಿನಷ್ಟು ಗ್ರೀಸ್, ಜಾಸ್ತಿ ಬೇಡ, ಹಾರಿ ಪಾಯಿಂಟ್ ಮೇಲೆ ಕೂರುತ್ತದೆ. ಗ್ಯಾಪ್ ಆದ ಮೇಲೆ ಪ್ಲಗ್ ತೂತಿಗೆ ಡಯಲ್ ಗೇಜ್ ಕೂರಿಸಿ ಎರಡೂ ಸಿಲಿಂಡರಿನ ಟೈಮಿಂಗ್ ಬೇರೆ ಬೇರೆ ನೋಡಬೇಕು. ಒಂದು ಕಡೆ ಮಾಡಿ ಇನ್ನೊಂದು ಸರಿ ಇರುತ್ತದೆ ಅಂದುಕೊಳ್ಳಬೇಡ.

ಕುಶಾಲನಗರ ನಾಲ್ಕು ಸಿಲಿಂಡರ್:
ಪಾಯಿಂಟೇ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದರೆ ಈ ತಾಪತ್ರಯವೇ ಇಲ್ಲ. ಸವೆಯುವ ಭಾಗವೇ ಇರುವುದಿಲ್ಲ.

ಸಿದ್ದಾಪುರ ಹಳೇ ಕೈ:
ಹಾಕಿಸಿದವರು ಖುಷಿಯಾಗಿದ್ದಾರೆ, ಒಪ್ಪುತ್ತೇನೆ. ಆದರೆ ಕಕ್ಕಡ ಮಳೆಯಲ್ಲಿ ರಾತ್ರಿ ತೋಟದ ದಾರಿಯಲ್ಲಿ ನಿಂತಾಗ ಪಾಯಿಂಟನ್ನು ಉಗುರು ಉಜ್ಜುವ ಅರದಿಂದ ಉಜ್ಜಿ ಮನೆ ಸೇರಬಹುದು. ಆ ಡಬ್ಬ ಸುಟ್ಟರೆ ತಳ್ಳಬೇಕು. ನನ್ನ ಗಾಡಿಯಲ್ಲಿ ಪಾಯಿಂಟೇ ಇರುತ್ತದೆ.

ಕುಶಾಲನಗರ ನಾಲ್ಕು ಸಿಲಿಂಡರ್:
ಅಪ್ಪನ ನೆನಪಿನ ಗಾಡಿ ದಾರಿಯಲ್ಲಿ ನಿಲ್ಲದಿರಲಿ ಎಂದೇ ನಾನು ಹೇಳಿದ್ದು. ಇದರಲ್ಲಿ ನಮ್ಮಿಬ್ಬರ ಅಭಿಪ್ರಾಯ ಬೇರೆಯೇ ಇರಲಿ.

ಗೋಣಿಕೊಪ್ಪ ಸ್ಪ್ಯಾನರ್:
ಟೈಮಿಂಗ್ ಆದ ಮೇಲೆ ಈಗ ನಿಜವಾದ ಸಿಂಕ್. ಮೊದಲು ಮೇಲಿನ ಕೇಬಲ್ ಅಡ್ಜಸ್ಟರ್ ಎರಡನ್ನೂ ಸಡಿಲ ಬಿಡಿ, ಕೇಬಲ್ ಸ್ಲೈಡನ್ನು ಎಳೆಯಬಾರದು. ಐಡಲ್ ಸ್ಕ್ರೂ ಎರಡನ್ನೂ ಹೊರಗೆ ತಿರುಗಿಸಿ ಸ್ಲೈಡ್ ಪೂರ್ತಿ ಕೂರಲಿ. ನಂತರ ಡ್ರಿಲ್ ಬಿಟ್ ಇಟ್ಟು ಎರಡೂ ಕಡೆ ಒಂದೇ ಹಿಡಿತ ಬರುವ ತನಕ ಎತ್ತಿ. ಏರ್ ಸ್ಕ್ರೂ ಮೆತ್ತಗೆ ಒಳಗೆ ಕೂರಿಸಿ, ಒಂದೂವರೆ ಸುತ್ತು ಹೊರಗೆ. ಇದು ಗಾಳಿಯ ಸ್ಕ್ರೂ, ಹೊರಗೆ ತಿರುಗಿಸಿದಷ್ಟೂ ಗಾಳಿ ಜಾಸ್ತಿ. ಪೆಟ್ರೋಲ್ ಸ್ಕ್ರೂ ಅಂದುಕೊಂಡು ಉಲ್ಟಾ ತಿರುಗಿಸುವವರು ಬಹಳ ಇದ್ದಾರೆ.

ಫಿಲ್ಟರ್ ರಬ್ಬರ್ ವಾಪಸ್ ಹಾಕಿ ಗಾಡಿ ಬಿಸಿ ಮಾಡಿ, ಎರಡು ಐಡಲ್ ಸ್ಕ್ರೂಗಳನ್ನೂ ಸಮ ಸಮ ಕಾಲು ಸುತ್ತಿನಂತೆ ಇಳಿಸುತ್ತಾ 1,200 ಆರ್‌ಪಿಎಂ ಹತ್ತಿರ ತನ್ನಿ. ಒಂದು ಪ್ಲಗ್ ಕ್ಯಾಪ್ ತೆಗೆದು ಹೊರಗಿನ ಒಂದು ಬಿಡಿ ಪ್ಲಗ್ಗಿಗೆ ಸಿಕ್ಕಿಸಿ ಹೆಡ್ಡಿಗೆ ತಾಗಿಸಿಡಿ, ಕ್ಯಾಪ್ ಸುಮ್ನೆ ಗಾಳಿಯಲ್ಲಿ ಬಿಟ್ಟರೆ ಕಾಯಿಲ್ ಹಾಳು. ಒಂದೇ ಸಿಲಿಂಡರಲ್ಲಿ ಆರ್‌ಪಿಎಂ ಎಷ್ಟು ಇಳಿಯುತ್ತದೆ ನೋಡಿ, ಇನ್ನೊಂದು ಕಡೆಯೂ ಅಷ್ಟೇ ಇಳಿಯಬೇಕು. ಕೊನೆಗೆ ಇಂಜಿನ್ ಆಫ್ ಮಾಡಿ, ಫಿಲ್ಟರ್ ರಬ್ಬರ್ ಮತ್ತೆ ಬಿಚ್ಚಿ, ಎರಡು ಕಾರ್ಬುರೇಟರಿನ ಬಾಯಿಗೂ ಒಂದೊಂದು ಬೆರಳು ಇಟ್ಟು ಆಕ್ಸಲರೇಟರ್ ನಿಧಾನ ತಿರುಗಿಸಿ. ಸ್ಲೈಡ್ ಏಳುವುದು ಎರಡೂ ಬೆರಳಿಗೆ ಒಟ್ಟಿಗೆ ತಾಗುವ ಹಾಗೆ ಕೇಬಲ್ ಸಡಿಲ ತೆಗೆಯಿರಿ. ಒಂದು ಮಿ.ಮೀ. ಆಟ ಉಳಿಯಲಿ.

ವಿರಾಜಪೇಟೆ ಟೂ ಸ್ಟ್ರೋಕ್:
ಅಲ್ಲಿಗೆ ನಿಲ್ಲಿಸಬೇಡಿ. ಆರ್‌ಡಿಯಲ್ಲಿ ಒಂದೇ ಆಕ್ಸಲರೇಟರ್ ಕೇಬಲ್ ಮೂರಾಗಿ ಒಡೆಯುತ್ತದೆ. ಎರಡು ಕಾರ್ಬುರೇಟರಿಗೆ, ಮೂರನೆಯದು ಆಯಿಲ್ ಪಂಪಿಗೆ. ಕಾರ್ಬುರೇಟರ್ ಕೇಬಲ್ ಬದಲಿಸಿ ಪಂಪಿನ ಗುರುತು ನೋಡದೇ ಬಿಟ್ಟರೆ, ಪೆಟ್ರೋಲ್ ಹೋಗುವಾಗ ಆಯಿಲ್ ಹಿಂದೆ ಬೀಳುತ್ತದೆ. ಬಲಗಡೆ ಪಂಪ್ ಕವರ್ ಬಿಚ್ಚಿ ಪುಲ್ಲಿಯ ಗುರುತು ಸರಿ ಕೂರುತ್ತದಾ ನೋಡಿ. ಪಂಪ್ ಕಿತ್ತು ಹಾಕಿ ಪೆಟ್ರೋಲಿಗೇ ಆಯಿಲ್ ಬೆರೆಸುವವರಾದರೆ ಇದು ಬೇಡ.

ಮೂರ್ನಾಡು ತೋಟದ ಹುಡುಗಿ:
ಪಂಪ್ ಇದೆ, ಅಪ್ಪ ಯಾವತ್ತೂ ತೆಗೆಸಲಿಲ್ಲ. ಗುರುತು ನಿಜಕ್ಕೂ ಹಿಂದೆ ಇತ್ತು, ಸರಿ ಮಾಡಿದೆ. ಪಾಯಿಂಟ್, ಕಂಡೆನ್ಸರ್, ಫೆಲ್ಟ್ ಮೂರೂ ಹೊಸದು. ಸ್ಲೈಡ್ ಎರಡೂ ಡ್ರಿಲ್ ಬಿಟ್ಟಿಗೆ ಒಂದೇ ಹಿಡಿತ. ಕಾರ್ಬುರೇಟರ್, ಇಂಜಿನ್ ಸೇರಿಸುವ ಮ್ಯಾನಿಫೋಲ್ಡ್ ರಬ್ಬರಿಗೆ ಡಬ್ಲ್ಯುಡಿ-40 ಸಿಂಪಡಿಸಿ ನೋಡಿದೆ, ಸದ್ದು ಬದಲಾಗಲಿಲ್ಲ, ಅಲ್ಲಿ ಗಾಳಿ ಎಳೆಯುತ್ತಿಲ್ಲ. ನಾಪೋಕ್ಲು ತನಕ ಹೋಗಿ ಬಂದೆ. ಮೂರನೇ ಗೇರಿನಲ್ಲಿ ಏರು ಹತ್ತುವಾಗ ಎರಡೂ ಸೈಲೆನ್ಸರಿನ ಸದ್ದು ಒಂದಾಗಿ ಬಂದಾಗ ಅಪ್ಪ ಓಡಿಸುತ್ತಿದ್ದ ದಿನಗಳೇ ಕಿವಿಗೆ ಬಂದವು. ಮನೆಗೆ ಬಂದು ನೀರು ಚಿಮುಕಿಸಿದೆ. ಎರಡೂ ಕಡೆ ಚುಯ್.

ವಿರಾಜಪೇಟೆ ಟೂ ಸ್ಟ್ರೋಕ್:
ತುಂಬ ಸಂತೋಷ. ಸೀಲ್ ಚೆನ್ನಾಗಿದೆ ಎಂದು ಮಾತ್ರ ಇನ್ನೂ ನಂಬಬೇಡಿ. ಘಾಟಿ ಇಳಿದು ದೂರ ಹೋಗುವ ಮೊದಲು ಒಮ್ಮೆ ಪ್ರೆಶರ್ ಟೆಸ್ಟ್ ಮಾಡಿಸಿ. ಕಾರ್ಬುರೇಟರ್, ಸೈಲೆನ್ಸರ್ ಬಾಯಿ ಮುಚ್ಚಿ ಐದಾರು ಪಿಎಸ್‌ಐ ಗಾಳಿ ತುಂಬಿದರೆ ಕೆಲವು ನಿಮಿಷ ಹಾಗೇ ನಿಲ್ಲಬೇಕು. ಪಂಪು, ಗೇಜು ನನ್ನ ಹತ್ತಿರ ಇದೆ, ವಿರಾಜಪೇಟೆ ಕಡೆ ಬಂದಾಗ ಹೇಳಿ.

ಸಿದ್ದಾಪುರ ಹಳೇ ಕೈ:
ಮುನ್ನೂರು ಕಿಲೋಮೀಟರ್ ಆದ ಮೇಲೆ ಗ್ಯಾಪ್ ಮತ್ತೆ ಅಳೆದು ಇಲ್ಲೇ ಬರಿ, ತಂಗಿ. ಹೊಸ ಪಾಯಿಂಟಿನ ಹಿಮ್ಮಡಿ ಮೊದಲು ಸ್ವಲ್ಪ ಕೂರುತ್ತದೆ.

ಮೂರ್ನಾಡು ತೋಟದ ಹುಡುಗಿ:
ಬರೆಯುತ್ತೇನೆ ಅಂಕಲ್. ಇವತ್ತಿನ ಕಿಲೋಮೀಟರ್ ಗೋದಾಮಿನ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದೇನೆ, ಅಪ್ಪ ಆಯಿಲ್ ಬದಲಿಸಿದ ಲೆಕ್ಕ ಬರೆಯುತ್ತಿದ್ದ ಜಾಗದಲ್ಲೇ.